ಎಫ್1 ಒತ್ತುವವರು ಯಾರು? ಹಳೆಯ ಕಂಪ್ಯೂಟರಿನಲ್ಲಿ ಡೆಬಿಯನ್ ಕೂರಿಸಿದ ದಿನಚರಿ

ಚೌತಿಗೆ ಊರಿಗೆ ಹೊರಟಾಗಲೇ ಈ ಸಲ ಕೆಲಸ ಮುಗಿಸಿಯೇ ಬರುವುದೆಂದು ಹಟ ತೊಟ್ಟಿದ್ದೆ. ಅಪ್ಪನ ತಾಳಮದ್ದಲೆ ಕ್ಯಾಸೆಟ್‌ಗಳನ್ನು ನಾಲ್ಕು ವರ್ಷಗಳಿಂದ ಒಂದೊಂದಾಗಿ ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ. ಇಳಿಸಿದ್ದೆಲ್ಲ ಮೂರು ಪೆನ್‌ಡ್ರೈವ್, ಒಂದು ಯುಎಸ್‌ಬಿ ಡಿಸ್ಕ್, ನನ್ನ ಲ್ಯಾಪ್‌ಟಾಪ್ ಎಂದು ದಿಕ್ಕಾಪಾಲಾಗಿದೆ. ಅವೆಲ್ಲ ಊರಿನ ಮನೆಯಲ್ಲೇ ಒಂದು ಕಡೆ ಇರಬೇಕು, ಬೆಂಗಳೂರಿನಲ್ಲಿ ಕುಳಿತೂ ಕೇಳುವಂತಿರಬೇಕು. ಇದಕ್ಕಾಗಿ ಕಚೇರಿಯೊಂದು ಮಾರಿಹಾಕಿದ 2012ರ ಡೆಸ್ಕ್‌ಟಾಪ್ ಒಂದನ್ನು ಅಗ್ಗಕ್ಕೆ ತಂದಿದ್ದೆ. ಐ3 ಪ್ರೊಸೆಸರ್, 4 ಜಿಬಿ ಮೆಮೊರಿ. ಹೊಸದಾಗಿ ಹಾಕಿದ್ದು 120 ಜಿಬಿಯ ಎಸ್‌ಎಸ್‌ಡಿ ಮಾತ್ರ.

ಅದಕ್ಕೆ ಹಾಕಲು ಆರಿಸಿದ್ದು ಡೆಬಿಯನ್, ಲಿನಕ್ಸ್ ಬಳಗದ ಒಂದು ಉಚಿತ ಕಾರ್ಯಾಚರಣ ವ್ಯವಸ್ಥೆ. ಡೆಬಿಯನ್ ಏಕೆ ಎಂದು ಕೇಳಿದರೆ ನನ್ನ ಉತ್ತರ ಸೋಮಾರಿಯದು. ಡೆಬಿಯನ್ ಮಂದಿ ‘ಸ್ಟೇಬಲ್’ ಎನ್ನುವುದು ಸುಮ್ಮಸುಮ್ಮನೆ ಬದಲಾಗದ ಆವೃತ್ತಿಗೆ. 2025ರ ಆಗಸ್ಟ್ 9ರಂದು ಬಂದ 13ನೆಯ ಆವೃತ್ತಿ, ಅಂದರೆ ಟ್ರಿಕ್ಸಿ, ಮೂರು ವರ್ಷ ಪೂರ್ಣ ಬೆಂಬಲ, ಆಮೇಲೆ ಎರಡು ವರ್ಷ ಭದ್ರತಾ ತೇಪೆ ಎಂಬ ಲೆಕ್ಕದಲ್ಲಿ ಐದು ವರ್ಷ ಓಡುತ್ತದೆ. ವರ್ಷಕ್ಕೆ ಮೂರು ನಾಲ್ಕು ಸಲ ಊರಿಗೆ ಬರುವವನಿಗೆ ಇಂಥದ್ದೇ ಸರಿ.

ಮೊದಲ ಸಂಜೆ

ಮಾನಿಟರ್ ಇರಲಿಲ್ಲ. ಹಜಾರದ ಟಿ.ವಿ.ಗೆ ತಂತಿ ಸಿಕ್ಕಿಸಿದೆ. ಧಾರಾವಾಹಿಯ ಹೊತ್ತಿನೊಳಗೆ ಬಿಟ್ಟುಕೊಡಬೇಕು ಎಂಬ ಅಮ್ಮನ ಷರತ್ತಿನೊಂದಿಗೆ ಎರಡು ಗಂಟೆ ಸಿಕ್ಕಿತು.

ಗುಂಡಿ ಒತ್ತಿದ ಕೂಡಲೇ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದು ದೂರು: ಬಯೋಸ್ ಸೆಟ್ಟಿಂಗ್ ಅಳಿಸಿಹೋಗಿದೆ, ಮುಂದುವರಿಯಲು ಎಫ್1 ಒತ್ತಿ. ಬಯೋಸ್ ಎಂದರೆ ಯಂತ್ರ ಏಳುವಾಗ ಎಲ್ಲಕ್ಕಿಂತ ಮೊದಲು ಓಡುವ, ಮದರ್‌ಬೋರ್ಡಿನೊಳಗಿನ ಪುಟ್ಟ ತಂತ್ರಾಂಶ. ಎಫ್1 ಒತ್ತಿದೆ, ಮುಂದೆ ಹೋಯಿತು. ಹಳೆಯ ಯಂತ್ರ, ಏನೋ ಗೊಣಗುತ್ತದೆ ಎಂದುಕೊಂಡು ಅಲ್ಲಿಗೇ ಬಿಟ್ಟೆ. ಮುಂದೆ ಪಟ್ಟ ಪಾಡಿಗೆಲ್ಲ ಇದೇ ಮೂಲ.

ಡೆಬಿಯನ್ನಿನ ಚಿತ್ರರೂಪದ ಅನುಸ್ಥಾಪಕದಲ್ಲಿ ಕನ್ನಡವೂ ಇದೆ. ಪಟ್ಟಿಯಲ್ಲಿ ‘ಕನ್ನಡ’ ಕಂಡಾಗ ಆಸೆಯಾಗಿ ಆರಿಸಿದೆ. ಎರಡು ಪರದೆ ಕನ್ನಡದಲ್ಲೇ ನೋಡಿ, ಮತ್ತೆ ಹಿಂದಕ್ಕೆ ಬಂದು ಇಂಗ್ಲಿಷ್ ಹಾಕಿಕೊಂಡೆ. ಅಭಿಮಾನದ ಕೊರತೆಯಿಂದ ಹಾಗೆ ಮಾಡಲಿಲ್ಲ. ಲಿನಕ್ಸ್‌ನ ಬರಿಯ ಕನ್ಸೋಲ್‌ಗೆ, ಅಂದರೆ ಅಕ್ಷರಗಳಷ್ಟೇ ಇರುವ ಕಪ್ಪು ಪರದೆಗೆ, ಒತ್ತಕ್ಷರ, ಗುಣಿತಾಕ್ಷರ ಜೋಡಿಸಲು ಬರುವುದಿಲ್ಲ. ನಡುರಾತ್ರಿ ಏನೋ ಕೆಟ್ಟು ಕುಳಿತಾಗ ದೋಷಸಂದೇಶದ ಬದಲು ಚೌಕಗಳ ಸಾಲು ಕಂಡರೆ ಯಾವ ಭಾಷೆಗೂ ಉಪಕಾರವಿಲ್ಲ. ಭಾಷೆ ಇಂಗ್ಲಿಷ್, ದೇಶ ಭಾರತ ಎಂದು ಕೊಟ್ಟಾಗ ಸಮಯವಲಯ ತಾನಾಗಿಯೇ ಕೋಲ್ಕತ್ತಾ ಎಂದು ಕುಳಿತಿತು.

ರೂಟ್, ಅಂದರೆ ಯಂತ್ರದ ಸರ್ವಾಧಿಕಾರಿ ಖಾತೆಯ ಪಾಸ್‌ವರ್ಡ್ ಕೇಳುವ ಪರದೆಯಲ್ಲಿ ಖಾಲಿ ಬಿಟ್ಟು ಮುಂದೆ ಹೋದೆ. ಹಾಗೆ ಬಿಟ್ಟರೆ ರೂಟ್ ಖಾತೆಗೆ ಬೀಗ ಬೀಳುತ್ತದೆ, ನಾವು ಮಾಡಿಕೊಳ್ಳುವ ಮೊದಲ ಬಳಕೆದಾರನಿಗೆ ‘ಸುಡೊ’, ಅಂದರೆ ಬೇಕಾದಾಗ ರೂಟ್‌ನ ಪರವಾಗಿ ಆಜ್ಞೆ ನಡೆಸುವ ಅಧಿಕಾರ ಸಿಗುತ್ತದೆ. ಪಾಸ್‌ವರ್ಡ್ ಕೊಟ್ಟರೆ ಸುಡೊ ಸಜ್ಜಾಗಿರುವುದಿಲ್ಲ, ಆಮೇಲೆ ಕೈಯಾರೆ ಹಾಕಿಕೊಳ್ಳಬೇಕು. ಹೊಸಬರು ಎಡವುವ ಜಾಗ ಇದು. ನಾನು ಎಡವಿದ್ದು ಬೇರೆ ಕಡೆ, ಅದು ಮೂರನೆಯ ದಿನದ ಕಥೆ.

ಕೊನೆಯಲ್ಲಿ ಏನೇನು ಬೇಕೆಂದು ಕೇಳಿದಾಗ ಡೆಸ್ಕ್‌ಟಾಪ್ ಸಾಲುಗಳ ಗುರುತು ತೆಗೆದು, ಇನ್ನೊಂದು ಕಂಪ್ಯೂಟರಿನಿಂದ ಜಾಲದ ಮೂಲಕ ಒಳಹೋಗಲು ಬೇಕಾದ ಎಸ್‌ಎಸ್‌ಎಚ್ ಸರ್ವರ್ ಮತ್ತು ಮೂಲ ಉಪಕರಣಗಳನ್ನು ಮಾತ್ರ ಉಳಿಸಿಕೊಂಡೆ. ಧಾರಾವಾಹಿಗೆ ಹತ್ತು ನಿಮಿಷ ಇರುವಾಗಲೇ ಟಿ.ವಿ. ಅಮ್ಮನಿಗೆ ವಾಪಸಾಯಿತು.

ಎರಡನೆಯ ದಿನ

ಪೂಜೆ, ಪಂಚಕಜ್ಜಾಯ, ಊಟ ಎಲ್ಲ ಮುಗಿದ ಮೇಲೆ ಚಾವಡಿಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕುಳಿತೆ. ಯಂತ್ರವಿರುವುದು ಒಳಗೆ, ಕಪಾಟಿನ ಮೇಲೆ. ಮೊದಲು ರೂಟರ್‌ನಲ್ಲಿ ಅದರ ಮ್ಯಾಕ್ ವಿಳಾಸಕ್ಕೆ (ಜಾಲದ ಕಾರ್ಡಿನ ಗುರುತಿನ ಸಂಖ್ಯೆಗೆ) ಯಾವಾಗಲೂ ಒಂದೇ ಐಪಿ ವಿಳಾಸ ಸಿಗುವಂತೆ ಕಾದಿರಿಸಿದೆ. ನಂತರ ಪಾಸ್‌ವರ್ಡ್ ಬದಲು ಬಳಸುವ ‘ಈಡಿ25519’ ಮಾದರಿಯ ಕೀಲಿ ಜೋಡಿ ಮಾಡಿ, ಸಾರ್ವಜನಿಕ ಕೀಲಿಯನ್ನು ಸರ್ವರ್‌ಗೆ ಕಳುಹಿಸಿದೆ. ಕೀಲಿಯಿಂದ ಒಳಹೋಗಲು ಬರುತ್ತದೆ ಎಂದು ಖಚಿತವಾದ ಮೇಲಷ್ಟೇ ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿದೆ. ಆಗಲೂ ತೆರೆದಿದ್ದ ಕಿಟಕಿಯನ್ನು ಮುಚ್ಚದೆ, ಎರಡನೆಯ ಕಿಟಕಿಯಿಂದ ಪ್ರವೇಶಿಸಿ ನೋಡಿದೆ. ಒಳಗಿರುವಾಗಲೇ ಬಾಗಿಲಿನ ಬೀಗ ಬದಲಿಸುವವರು ಹೊಸ ಕೀಲಿಯನ್ನು ಒಮ್ಮೆ ತಿರುಗಿಸಿ ನೋಡುವುದಿಲ್ಲವೇ, ಹಾಗೆ.

ಬೇಡದ ಸಂಪರ್ಕ ತಡೆಯುವ ಫೈರ್‌ವಾಲ್‌ಗೆ ‘ಯುಎಫ್‌ಡಬ್ಲ್ಯೂ’ ಎಂಬ ತಂತ್ರಾಂಶ. ಮೊದಲು ಎಸ್‌ಎಸ್‌ಎಚ್‌ನ 22ನೆಯ ಪೋರ್ಟ್‌ಗೆ (ಸಂಪರ್ಕದ ಬಾಗಿಲಿಗೆ) ಅನುಮತಿ, ಆಮೇಲೆ ಚಾಲನೆ. ಭದ್ರತಾ ತೇಪೆಗಳು ತಾವಾಗಿಯೇ ಬರಲೆಂದು ‘ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್’ ಹಾಕಿದೆ. ಹೊಸ ಕರ್ನಲ್ (ವ್ಯವಸ್ಥೆಯ ತಿರುಳು) ಬಂದಾಗ ತಾನೇ ರೀಬೂಟ್ ಆಗುವ ಆಯ್ಕೆಯೂ ಅದರಲ್ಲಿದೆ, ಆದರೆ ಮೂಲತಃ ಆಫ್ ಆಗಿರುತ್ತದೆ. ಅದನ್ನು ಮುಟ್ಟಲಿಲ್ಲ.

ಅರ್ಧ ದಿನ ತಿಂದದ್ದು ಇದಾವುದೂ ಅಲ್ಲ. ಹತ್ತು ರೆಕಾರ್ಡಿಂಗ್‌ಗಳನ್ನು ಸರ್ವರ್‌ಗೆ ಸಾಗಿಸಿ, ಪಟ್ಟಿ ತೆಗೆದು ನೋಡಿದರೆ ಹೆಸರಿನ ಜಾಗದಲ್ಲಿ 340, 262, 257 ಎಂದು ಅಂಕಿಗಳ ಮಾಲೆ. ಸ್ವಲ್ಪ ದಿಟ್ಟಿಸಿದ ಮೇಲೆ ಹೊಳೆಯಿತು: ಈ ಮೂರು ಅಷ್ಟಮಾನ (ಎಂಟರ ಆಧಾರದ) ಸಂಖ್ಯೆ ಸೇರಿದರೆ ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ‘ಯ’. ‘ಯಕ್ಷಗಾನ’ದ ‘ಯ’! ಅಂದರೆ ಫೈಲಿಗೆ ಏನೂ ಆಗಿಲ್ಲ, ತೋರಿಸುವವನಿಗೆ ಕನ್ನಡ ಬಾರದು. ಜೊತೆಗೆ ಪ್ಯಾಕೇಜ್ ಹಾಕುವಾಗಲೆಲ್ಲ ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಿಂದ ‘ಲೊಕೇಲ್ ಹೊಂದಿಸಲಾಗಲಿಲ್ಲ’ ಎಂಬ ಎಚ್ಚರಿಕೆ ಬರುತ್ತಿತ್ತು. ಲೊಕೇಲ್ ಎಂದರೆ ಯಂತ್ರದ ಭಾಷೆ, ಲಿಪಿಗಳ ಹೊಂದಿಕೆ. ಎರಡಕ್ಕೂ ಕಾರಣ ಒಂದೇ. ನನ್ನ ಲ್ಯಾಪ್‌ಟಾಪ್‌ ಕನ್ನಡ ಲೊಕೇಲ್‌ನಲ್ಲಿದೆ. ಎಸ್‌ಎಸ್‌ಎಚ್ ಸಂಪರ್ಕವಾಗುವಾಗ ‘ನನ್ನ ಭಾಷೆ ಕನ್ನಡ’ ಎಂದು ಅದು ಸರ್ವರ್‌ಗೂ ಹೇಳುತ್ತದೆ, ಡೆಬಿಯನ್ ಅದನ್ನು ಒಪ್ಪಿಕೊಳ್ಳುತ್ತದೆ. ಆದರೆ ಸರ್ವರ್‌ನಲ್ಲಿ ನಾನು ತಯಾರಿಸಿದ್ದು ಇಂಗ್ಲಿಷಿನದು ಮಾತ್ರ. ಕೇಳಿದ್ದು ಸಿಗದಾಗ ಅದು ‘ಸಿ’ ಎಂಬ ಆದಿಮ ಲೊಕೇಲ್‌ಗೆ ಜಾರುತ್ತದೆ, ಅಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಷ್ಟೇ ಇರುವ ಆಸ್ಕಿಯ ಆಚೆಗೆ ಪ್ರಪಂಚವಿಲ್ಲ. ಲೊಕೇಲ್ ಮರುಸಂರಚನೆಯ ಪಟ್ಟಿಯಲ್ಲಿ ಭಾರತದ ಕನ್ನಡ ಯುಟಿಎಫ್-8 ಎಂಬ ಸಾಲಿಗೆ ಸ್ಪೇಸ್ ಒತ್ತಿ ಗುರುತು ಹಾಕಿದೆ. ಹೊರಬಂದು ಮತ್ತೆ ಒಳಹೋದೆ. ಪ್ರಸಂಗಗಳ ಹೆಸರು ಹೂ ಬಿಟ್ಟ ಹಾಗೆ ಕಾಣಿಸಿದವು. ಹೀಗೆ, ಹಿಂದಿನ ಸಂಜೆ ಬೇಡವೆಂದ ಕನ್ನಡ ಮರುದಿನವೇ ಬೇಕಾಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಎರಡು ಫೈಲ್ ಮಾತ್ರ ಏನು ಮಾಡಿದರೂ ಬರಲೊಲ್ಲವು: ‘ಹೆಸರು ತುಂಬ ಉದ್ದ’. ನನ್ನ ಯುಎಸ್‌ಬಿ ಡಿಸ್ಕ್‌ ವಿಂಡೋಸ್‌ನ ಎನ್‌ಟಿಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯದು, ಅದರಲ್ಲಿ ಹೆಸರಿಗೆ 255 ಅಕ್ಷರಸಂಕೇತಗಳ ಮಿತಿ. ಲಿನಕ್ಸ್‌ನ ಎಕ್ಸ್‌ಟಿ4ನಲ್ಲಿ ಮಿತಿ 255 ಬೈಟ್. ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. ನೋಡಲು ನಾಲ್ಕೇ ಅಕ್ಷರದ ‘ಯಕ್ಷಗಾನ’ದಲ್ಲಿ ಒಳಗೆ ಏಳು ಸಂಕೇತ, 21 ಬೈಟ್. ಒಂದು ‘ತ್ತಿ’ಗೇ 12. ಹೀಗಾಗಿ ಕನ್ನಡಕ್ಕೆ ದಕ್ಕುವುದು 85 ಸಂಕೇತ ಮಾತ್ರ. ಅಪ್ಪನೋ ಪ್ರಸಂಗ, ಊರು, ದೇವಸ್ಥಾನ, ಭಾಗವತರು, ಮದ್ದಲೆ, ಐದಾರು ಅರ್ಥಧಾರಿಗಳು ಎಲ್ಲರ ಹೆಸರನ್ನೂ ಫೈಲಿನ ಹೆಸರಿನಲ್ಲೇ ಬರೆಸುವವರು. ಮೊಟಕು ಮಾಡೋಣವೇ ಎಂದರೆ, “ಯಾರನ್ನು ಬಿಡುತ್ತೀಯ?” ಎಂದರು. ಉತ್ತರ ಹೊಳೆಯಲಿಲ್ಲ. ಹೆಸರಿಗೆ ಪ್ರಸಂಗ ಮತ್ತು ಇಸವಿ ಮಾತ್ರ, ಮೇಳದ ಪೂರ್ತಿ ಪಟ್ಟಿ ಪಕ್ಕದ ಪಠ್ಯ ಫೈಲಿನಲ್ಲಿ ಎಂದು ರಾಜಿಯಾಯಿತು.

ಮೂರನೆಯ ದಿನ

ಯುಎಸ್‌ಬಿ ಡಿಸ್ಕ್‌ ಪ್ರತಿ ಸಲವೂ ಒಂದೇ ಜಾಗದಲ್ಲಿ ತೆರೆದುಕೊಳ್ಳಲಿ ಎಂದು ಯಾವ ಡಿಸ್ಕ್ ಎಲ್ಲಿ ತೆರೆಯಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಅದರ ಯುಯುಐಡಿ (ಗುರುತಿನ ಸಂಖ್ಯೆ) ಬರೆದು ಒಂದು ಸಾಲು ಸೇರಿಸಿದೆ. ಎರಡು ಸಲ ರೀಬೂಟ್ ಮಾಡಿದೆ, ಚೆನ್ನಾಗಿತ್ತು. ಮಧ್ಯಾಹ್ನ ಡಿಸ್ಕ್ ಕಳಚಿ ಲ್ಯಾಪ್‌ಟಾಪ್‌ಗೆ ಹಾಕಿಕೊಂಡು, ಸರ್ವರನ್ನು ಇನ್ನೊಮ್ಮೆ ರೀಬೂಟ್ ಮಾಡಿದೆ. ಅದು ಮರಳಿ ಬರಲೇ ಇಲ್ಲ.

ಮತ್ತೆ ಟಿ.ವಿ.ಗೆ ತಂತಿ. ಪರದೆಯ ಮೇಲೆ, ಡಿಸ್ಕ್‌ಗಾಗಿ ಕಾಯುತ್ತಿದ್ದೇನೆ ಎಂದು ಒಂದೂವರೆ ನಿಮಿಷದ ಎಣಿಕೆ. ಅದು ಮುಗಿದದ್ದೇ ತುರ್ತು ಸ್ಥಿತಿಗೆ ಬಿತ್ತು. ತುರ್ತು ಸ್ಥಿತಿಯಲ್ಲಿ ಕೆಲಸ ಮಾಡಲು ರೂಟ್ ಆಗಿ ಒಳಹೋಗಬೇಕು. ರೂಟ್‌ಗೆ ಬೀಗ ಹಾಕಿದವನು ನಾನೇ. ‘ರೂಟ್ ಖಾತೆಗೆ ಬೀಗ ಬಿದ್ದಿದೆ, ಮುಂದುವರಿಯಲು ಎಂಟರ್ ಒತ್ತಿ’ ಎನ್ನುತ್ತದೆ. ಒತ್ತಿದರೆ ಮತ್ತೆ ಅದೇ ಮಾತು. ದಾರಿ ಇದ್ದದ್ದು ಗ್ರಬ್ ಪಟ್ಟಿಯಲ್ಲಿ, ಅಂದರೆ ಯಂತ್ರ ಏಳುವಾಗ ಯಾವ ವ್ಯವಸ್ಥೆ ಬೇಕೆಂದು ಕೇಳುವ ಪರದೆಯಲ್ಲಿ. ‘ಇ’ ಒತ್ತಿ, ಕರ್ನಲ್ ಸಾಲಿನ ಕೊನೆಗೆ ನೇರವಾಗಿ ಬ್ಯಾಷ್ (ಆಜ್ಞೆ ಬರೆಯುವ ಪರದೆ) ಕೊಡು ಎಂಬ ಸೂಚನೆಯನ್ನೂ, ಡಿಸ್ಕ್‌ಗೆ ಬರೆಯಲು ಬರುವಂತೆ ‘ಆರ್‌ಡಬ್ಲ್ಯೂ’ ಎಂಬುದನ್ನೂ ಸೇರಿಸಿದೆ. ಎಫ್‌ಎಸ್‌ಟ್ಯಾಬ್‌ನ ಸಾಲಿಗೆ ‘ನೋಫೇಲ್’ ಎಂಬ ಒಂದು ಪದ ಹಾಕಿದೆ. ಡಿಸ್ಕ್ ಇಲ್ಲದಿದ್ದರೆ ಇಲ್ಲ, ನೀನು ಎದ್ದು ಬಾ ಎಂದು ಅದರ ಅರ್ಥ.

ಆ ಒಂದು ಪದಕ್ಕೆ ಅಂದಿನ ಧಾರಾವಾಹಿಯ ಅರ್ಧ ಕಂತು ಹೋಯಿತು. ಅಮ್ಮ ಏನೂ ಹೇಳಲಿಲ್ಲ. ಕಾಫಿ ಮಾತ್ರ ತಡವಾಗಿ ಬಂತು.

ಅದೇ ರಾತ್ರಿ ಹೊರಗಿನಿಂದ ತಲುಪುವ ವ್ಯವಸ್ಥೆ. ರೂಟರ್‌ಗೆ ಸಿಕ್ಕಿದ್ದು 100.64ರಿಂದ ಶುರುವಾಗುವ ವಿಳಾಸ, ಅಂದರೆ ಹಲವು ಮನೆಗಳಿಗೆ ಸೇರಿ ಒಂದೇ ಸಾರ್ವಜನಿಕ ವಿಳಾಸ. ಹೊರಗಿನ ಕರೆ ನೇರವಾಗಿ ಮನೆಗೆ ತಲುಪದು, ಪೋರ್ಟ್ ತೆರೆದು ಪ್ರಯೋಜನವಿಲ್ಲ. ಬಾಡಿಗೆಗೆ ಪಡೆದ ಪುಟ್ಟ ಸರ್ವರ್ ಒಂದಕ್ಕೆ ಮನೆಯ ಯಂತ್ರವೇ ವೈರ್‌ಗಾರ್ಡ್ ಎಂಬ ಸುರಕ್ಷಿತ ಸುರಂಗದ ಮೂಲಕ ಕರೆ ಮಾಡಿ, ದಾರಿ ಮುಚ್ಚದಿರಲೆಂದು 25 ಸೆಕೆಂಡಿಗೊಮ್ಮೆ ಸದ್ದು ಮಾಡುತ್ತಿರುವಂತೆ ಹೊಂದಿಸಿದೆ. ಕೀಬೋರ್ಡ್ ಚೀಲಕ್ಕೆ ಹಾಕಿಕೊಂಡು ರಾತ್ರಿ ಬಸ್ಸು ಹತ್ತಿದೆ.

ಹನ್ನೊಂದು ದಿನಗಳ ನಂತರ, ಬೆಂಗಳೂರು

ಊರಲ್ಲಿ ಗಾಳಿಮಳೆ. ಮರ ಬಿದ್ದು ರಾತ್ರಿಯಿಡೀ ಕರೆಂಟ್ ಇರಲಿಲ್ಲವಂತೆ. ಬೆಳಿಗ್ಗೆ ಕರೆಂಟ್ ಬಂದರೂ ವೈರ್‌ಗಾರ್ಡ್‌ನಲ್ಲಿ ಸುಳಿವಿಲ್ಲ. ಅಮ್ಮನಿಗೆ ಫೋನ್ ಮಾಡಿದೆ.

“ಕಪಾಟಿನ ಮೇಲಿನ ಡಬ್ಬದಲ್ಲಿ ದೀಪ ಇದೆಯಾ ಅಮ್ಮಾ?”

“ಇಲ್ಲ. ಸತ್ತು ಮಲಗಿದೆ.”

“ಮುಂದಿನ ದುಂಡನೆ ಗುಂಡಿ ಒತ್ತು.”

“ಒತ್ತಿದೆ. ಹಸಿರು ದೀಪ ಬಂತು, ಫ್ಯಾನ್ ತಿರುಗುತ್ತಿದೆ.”

ಹತ್ತು ನಿಮಿಷ ಕಾದೆ. ಏನೂ ಇಲ್ಲ. ಆಗ ಆ ಬಿಳಿ ಅಕ್ಷರದ ಸಾಲು ನೆನಪಾಗಿ ಹೊಟ್ಟೆ ಚುರುಕ್ ಎಂದಿತು. ಅದು ಅಲ್ಲಿ, ಪರದೆಯೇ ಇಲ್ಲದ ಕತ್ತಲೆಯಲ್ಲಿ, ಎಫ್1 ಒತ್ತುವವರಿಗಾಗಿ ಕಾಯುತ್ತ ನಿಂತಿದೆ.

“ಅಮ್ಮಾ, ಕೀಬೋರ್ಡ್‌ನಲ್ಲಿ ಎಫ್1 ಅಂತ ಒಂದು...”

“ಯಾವ ಕೀಬೋರ್ಡೋ? ನೀನೇ ಚೀಲದಲ್ಲಿ ತುಂಬಿಕೊಂಡು ಹೋದೆಯಲ್ಲ.”

ಮದರ್‌ಬೋರ್ಡಿನ ಮೇಲೆ ಗುಂಡನೆ ಬ್ಯಾಟರಿಯೊಂದು ಇರುತ್ತದೆ, ಸಿಆರ್2032. ಗೋಡೆಯ ಕರೆಂಟ್ ಇಲ್ಲದಾಗ ಬಯೋಸ್‌ನ ನೆನಪನ್ನೂ ಗಡಿಯಾರವನ್ನೂ ಕಾಯುವುದು ಅದೇ. ಅದು ಸತ್ತಿತ್ತು. ‘ಕರೆಂಟ್ ಬಂದೊಡನೆ ತಾನೇ ಚಾಲೂ ಆಗು’ ಎಂದು ನಾನು ಮೂರನೆಯ ದಿನ ಬಯೋಸ್‌ನಲ್ಲಿ ಬರೆದದ್ದು ಆ ರಾತ್ರಿಯೇ ಅಳಿಸಿಹೋಗಿ, ಯಂತ್ರ ಆಫ್ ಆಗಿಯೇ ಉಳಿಯಿತು. ಅಮ್ಮ ಗುಂಡಿ ಒತ್ತಿದ ಮೇಲೆ ನೆನಪು ಅಳಿದಿದೆ ಎಂದು ಎಫ್1 ಕೇಳುತ್ತ ನಿಂತಿತು. ಡೆಬಿಯನ್‌ನದೇನೂ ತಪ್ಪಿಲ್ಲ, ಅದರ ಸರದಿಯೇ ಬಂದಿರಲಿಲ್ಲ.

ಮತ್ತೆ ಊರು, ಒಂದು ಶನಿವಾರ

ಪೇಟೆಯ ಕೈಗಡಿಯಾರದ ಅಂಗಡಿಯಲ್ಲಿ ಬ್ಯಾಟರಿ ಸಿಕ್ಕಿತು. ಉಗುರಿನಿಂದ ಕ್ಲಿಪ್ ಸರಿಸಿ ಹಳೆಯದನ್ನು ತೆಗೆದು ಹೊಸದನ್ನು ಕೂರಿಸಲು ಒಂದು ನಿಮಿಷ. ಬಯೋಸ್‌ನಲ್ಲಿ ಎರಡು ಬದಲಾವಣೆ: ಕರೆಂಟ್ ಬಂದೊಡನೆ ಚಾಲೂ ಆಗುವುದು, ಮತ್ತು ಕೀಬೋರ್ಡ್ ಇಲ್ಲದಿದ್ದರೂ ದೋಷವೆಂದು ನಿಲ್ಲದಿರುವುದು. ಎರಡನೆಯದು ಎಲ್ಲ ಯಂತ್ರಗಳಲ್ಲೂ ಇರುವುದಿಲ್ಲ, ಇದರಲ್ಲಿ ಇತ್ತು.

ಆಮೇಲೆ ಮೊದಲ ದಿನವೇ ಮಾಡಬೇಕಿದ್ದ ಪರೀಕ್ಷೆ. ಕೀಬೋರ್ಡ್, ಟಿ.ವಿ. ತಂತಿ, ಯುಎಸ್‌ಬಿ ಡಿಸ್ಕ್ ಎಲ್ಲ ಕಳಚಿ, ಸರ್ವರ್ ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತೆ. ಬ್ಯಾಟರಿಗೂ ಪರೀಕ್ಷೆಯಾಗಲಿ ಎಂದು ಊಟ ಮುಗಿಸಿ ಬಂದು ಮತ್ತೆ ಸಿಕ್ಕಿಸಿ ಚಾವಡಿಗೆ ಹೋಗಿ ಕುಳಿತೆ. ಪಿಂಗ್‌ಗೆ (‘ಇದ್ದೀಯಾ’ ಎಂಬ ಕರೆಗೆ) ಉತ್ತರ ಬರಲು 48 ಸೆಕೆಂಡ್ ಆಯಿತು. ಇನ್ನೆರಡು ಸಲ ಕಿತ್ತೆ, ಸಿಕ್ಕಿಸಿದೆ. ಎರಡು ಸಲವೂ ಬಂತು. ಆ ಭರವಸೆಯ ಮೇಲೆ, ಕರ್ನಲ್ ಬದಲಾದಾಗ ಬೆಳಗಿನ ಜಾವ ನಾಲ್ಕಕ್ಕೆ ತಾನೇ ರೀಬೂಟ್ ಆಗುವ ಆಯ್ಕೆಯನ್ನು ಆನ್ ಮಾಡಿದೆ.

ಒಂದು ಚಿಕ್ಕ ಎಚ್ಚರಿಕೆಯನ್ನೂ ಬರೆದಿಡುತ್ತೇನೆ. ಟ್ರಿಕ್ಸಿಯಲ್ಲಿ ತಾತ್ಕಾಲಿಕ ಫೈಲುಗಳ ‘ಟಿಎಂಪಿ’ ಕೋಶ ಡಿಸ್ಕ್‌ನಲ್ಲಿ ಇರುವುದಿಲ್ಲ, ಮೆಮೊರಿಯಲ್ಲಿರುತ್ತದೆ. ಗರಿಷ್ಠ ಅರ್ಧ ಮೆಮೊರಿ, ನನ್ನದರಲ್ಲಿ 2 ಜಿಬಿ. ತೊಂಬತ್ತು ನಿಮಿಷದ ಕ್ಯಾಸೆಟ್ ವೇವ್ ರೂಪದಲ್ಲಿ ಹತ್ತಿರಹತ್ತಿರ 950 ಎಂಬಿ. ಎರಡು ಹಿಡಿದವು, ಮೂರನೆಯದಕ್ಕೆ ಜಾಗವಿಲ್ಲ ಎಂದಿತು.

ಬಾಕಿ ಉಳಿದದ್ದು: ಎಲ್ಲದರ ಎರಡನೆಯ ಪ್ರತಿ ಬೆಂಗಳೂರಿನ ಮನೆಯಲ್ಲಿ ಇರಬೇಕು, ಇನ್ನೂ ಇಲ್ಲ. ಎಚ್ಚರಿಕೆಯ ಮಿಂಚಂಚೆ ಹೊಂದಿಸಬೇಕು. ಮೂವತ್ತೆಂಟು ಕ್ಯಾಸೆಟ್ ಇವೆ, ಅದರಲ್ಲಿ ನಾಲ್ಕಕ್ಕೆ ಬೂಸಲು ಹಿಡಿದಿದೆ. ಹಳೆಯ ಕೀಬೋರ್ಡನ್ನು ಈ ಸಲ ಕಪಾಟಿನ ಮೇಲೇ ಬಿಟ್ಟು ಬಂದಿದ್ದೇನೆ. ಎಫ್1ಗೆ ಅಮ್ಮ ಒಂದು ಕುಂಕುಮದ ಬೊಟ್ಟು ಇಟ್ಟಿದ್ದಾಳೆ.