ಕಾರಿನ ಎಡ, ನನ್ನ ಎಡ

ಮಳೆಗಾಲಕ್ಕೆ ಕಾರು ನಿಲ್ಲಿಸುವ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೇ ಇತ್ತು. ಹ್ಯಾಂಡ್ ಬ್ರೇಕ್ ಎಳೆದು ತಿಂಗಳುಗಟ್ಟಲೆ ಬಿಟ್ಟರೆ ಹಿಂದಿನ ಚಕ್ರದ ಡ್ರಮ್ಮಿನೊಳಗೆ ಬ್ರೇಕ್ ಶೂ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ ಎಂಬುದು ಕೊಡಗಿನಲ್ಲಿ ಹಳೆಯ ಕಾರು ಸಾಕುವವರಿಗೆಲ್ಲ ಗೊತ್ತು. ನಾನು ಆ ತಪ್ಪು ಮಾಡುವವನಲ್ಲ. ಗೇರಿಗೆ ಹಾಕಿ, ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟು, ಬ್ಯಾಟರಿಯ ವಯರ್ ಕಳಚಿ, ಶೆಡ್ಡಿನಲ್ಲಿ ಸೌದೆಯ ಪಕ್ಕ ನಿಲ್ಲಿಸಿದೆ. ಅದು 2024ರ ಜುಲೈ. ನಮ್ಮಲ್ಲಿ ಇಂದಿಗೂ ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರನೆಯ ಒಂದು ಭಾಗ) ಲೆಕ್ಕದಲ್ಲಿಯೇ ಹೇಳಿಕೊಳ್ಳುತ್ತಾರೆ. ಆ ತಿಂಗಳು ಸೆಂಟ್ ಹೇಳುವ ತಾಳ್ಮೆ ಯಾರಿಗೂ ಇರಲಿಲ್ಲ. ನಾಪೋಕ್ಲಿನಿಂದ ಶಾಲೆಗೆ ಬಸ್ಸಿನಲ್ಲಿ ಓಡಾಡಿಕೊಂಡಿದ್ದೆ. ಸೆಪ್ಟೆಂಬರ್‌ನ ಕೈಲ್ ಮುಹೂರ್ತ ಹಬ್ಬ ಕಳೆದು, ಬಿಸಿಲು ಮುಖ ತೋರಿಸಿದ ಮೇಲೆಯೇ ಶೆಡ್ಡಿನ ಬಾಗಿಲು ತೆಗೆದದ್ದು.

ಕಾರು 2004ರ ಮಾರುತಿ 800. ಹದಿನೈದು ವರ್ಷ ತುಂಬಿದಾಗ, ಅಂದರೆ 2019ರಲ್ಲಿ, ನೋಂದಣಿ ನವೀಕರಣಕ್ಕೆ 600 ರೂಪಾಯಿ ಶುಲ್ಕ ಕಟ್ಟಿದ್ದೆ. ಐದು ವರ್ಷಕ್ಕೆ ಮತ್ತೆ ಮಾಡಿಸಬೇಕು. ನಡುವೆ 2022ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರ ಅದನ್ನು 5,000 ರೂಪಾಯಿಗೆ ಏರಿಸಿತ್ತು. ‘ಇಷ್ಟು ಕೊಟ್ಟು ಇದನ್ನು ಇಟ್ಟುಕೊಳ್ಳಬೇಕೇ?’ ಎಂದು ಹೆಂಡತಿ ಒಮ್ಮೆ ಕೇಳಿದಳು. ಎರಡನೆಯ ಸಲ ಕೇಳಲಿಲ್ಲ. ಅವಳ ತವರಿಗೆ ಹೋಗುವ ಇಕ್ಕಟ್ಟಾದ ತೋಟದ ದಾರಿಯಲ್ಲಿ ತಿರುಗಿಸಬಹುದಾದ ಕಾರು ನಮ್ಮ ಕಡೆಯ ನೆಂಟರಲ್ಲಿ ಬೇರೆ ಯಾರ ಬಳಿಯೂ ಇಲ್ಲ.

ಕಾಗದಪತ್ರ ಹಿಡಿದು ಮಡಿಕೇರಿಯ ಆರ್‌ಟಿಒ ಕಚೇರಿಗೆ ಹೊರಟೆ. ಮೂರ್ನಾಡು ದಾಟಿ ಏರು ಶುರುವಾದ ಮೇಲೆ ಕಾರು ಯಾಕೋ ಎಳೆಯುತ್ತಿರಲಿಲ್ಲ. ಮೂರನೆಯ ಗೇರಿನಲ್ಲಿ ಹೋಗುತ್ತಿದ್ದ ಕಡೆ ಎರಡಕ್ಕೆ ಇಳಿಸಬೇಕಾಯಿತು. ವಯಸ್ಸಾಯಿತಲ್ಲ ಎಂದುಕೊಂಡೆ. ಕಚೇರಿಯ ಕೆಲಸ ಬೇಗ ಆಯಿತು. ಮುಂದಿನ ವಾರ ವಾಹನವನ್ನು ತಪಾಸಣೆಗೆ ತರಬೇಕು ಎಂದರು. ಇಳಿಯುವಾಗ ವಿಷಯ ಬೇರೆಯಾಗತೊಡಗಿತು. ಬ್ರೇಕ್ ಮುಟ್ಟಿದರೆ ಸಾಕು, ಸ್ಟೀರಿಂಗ್ ಬಲಕ್ಕೆ ಜಗ್ಗುತ್ತಿತ್ತು. ಮೇಕೇರಿ ಹತ್ತಿರ ಬರುವಷ್ಟರಲ್ಲಿ ಸುಟ್ಟ ವಾಸನೆ. ಕ್ಲಚ್ ಪ್ಲೇಟ್ ಇರಬೇಕು ಎಂದು ಯೋಚಿಸುತ್ತಿರುವಾಗಲೇ ಬ್ರೇಕ್ ಪೆಡಲ್ ಹಸಿ ಹಿಟ್ಟನ್ನು ತುಳಿದಂತೆ ಕೆಳಗಿಳಿಯಿತು. ಹ್ಯಾಂಡ್ ಬ್ರೇಕ್ ಎಳೆದು, ಗೇರು ಇಳಿಸಿ, ರಸ್ತೆ ಬದಿಯ ಚಹಾದಂಗಡಿಯೊಂದರ ಮುಂದೆ ಹೇಗೋ ನಿಲ್ಲಿಸಿದೆ. ಕಾಲು ನಡುಗುತ್ತಿತ್ತು ಎಂದು ಬರೆಯಲು ಈಗ ನಾಚಿಕೆಯಿಲ್ಲ.

ಬಲಗಡೆಯ ಮುಂದಿನ ಚಕ್ರದಿಂದ ಹೊಗೆ ಏಳುತ್ತಿತ್ತು. ಅಂಗಡಿಯವರು ಹೇಳದೆ ಕೇಳದೆ ಒಂದು ಬಕೆಟ್ ನೀರು ತಂದು ಅದರ ಮೇಲೆ ಸುರಿದರು. ಕಾವಲಿಯ ಮೇಲೆ ಹಿಟ್ಟು ಹೊಯ್ದ ಸದ್ದು. ಇಬ್ಬರಿಗೂ ದೊಡ್ಡ ಕೆಲಸ ಮಾಡಿದ ಸಮಾಧಾನ.

ಫೋನ್ ಮಾಡಿದ ಮುಕ್ಕಾಲು ಗಂಟೆಗೆ ಮೂರ್ನಾಡಿನಿಂದ ಮೇಸ್ತ್ರಿ ಸ್ಕೂಟರಿನಲ್ಲಿ ಬಂದರು. ನಮ್ಮ ಕಾರನ್ನು ಹತ್ತು ವರ್ಷದಿಂದ ನೋಡುತ್ತಿರುವವರು. ಒದ್ದೆಯಾದ ಚಕ್ರ ನೋಡಿ ಮೊದಲು ಕೇಳಿದ್ದೇ, “ನೀರು ಹಾಕಿದ್ದು ಯಾರು?” ನಾವಿಬ್ಬರೂ ಮಾತಾಡಲಿಲ್ಲ. “ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಹಾಗೆಯೇ ಆರಲು ಬಿಡಬೇಕು ಮೇಷ್ಟ್ರೇ.”

ಜಾಕ್ ಕೊಟ್ಟು ಚಕ್ರ ಎತ್ತಿದರು. ಎರಡು ಕೈಯಲ್ಲಿ ತಿರುಗಿಸಿದರೂ ತಿರುಗಲಿಲ್ಲ. ಆಮೇಲೆ ಅವರು ಮಾಡಿದ್ದು ಚಿಕ್ಕ ಕೆಲಸ, ಆದರೆ ನನ್ನ ದುಡ್ಡು ಉಳಿದದ್ದು ಅಲ್ಲಿಯೇ. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡು ಪ್ಯಾಡುಗಳ ನಡುವೆ ಅದುಮಿ ಹಿಡಿಯುವುದು ಕ್ಯಾಲಿಪರ್. ಅದರೊಳಗಿನ ಆಯಿಲ್, ಗಾಳಿ ಹೊರಬಿಡುವ ನಿಪ್ಪಲ್ಲನ್ನು ಸ್ಪ್ಯಾನರಿನಿಂದ ಕಾಲು ಸುತ್ತು ಸಡಿಲಿಸಿದರು. ನಾಲ್ಕು ಹನಿ ಕಪ್ಪು ಬ್ರೇಕ್ ಆಯಿಲ್ ಬಂತು. ಮತ್ತೆ ಚಕ್ರ ತಿರುಗಿಸಿ ನೋಡಿದರು. ಅದೇ ಬಿಗಿ. “ಈಗ ಚಕ್ರ ಸಡಿಲವಾಗಿದ್ದರೆ ಒಳಗೆ ಆಯಿಲ್ ಒತ್ತಡ ನಿಂತಿತ್ತು ಎಂದರ್ಥ. ಆಯಿಲ್ ಬರುವ ಹೋಸ್ ಒಳಗಿಂದ ಊದಿ ಮುಚ್ಚಿರಬಹುದು, ಇಲ್ಲವೇ ಪೆಡಲ್ ಒತ್ತಿದಾಗ ಆಯಿಲ್ ನೂಕುವ ಮಾಸ್ಟರ್ ಸಿಲಿಂಡರ್ ಕೆಟ್ಟಿರಬಹುದು. ಒತ್ತಡ ಬಿಟ್ಟ ಮೇಲೂ ಕಚ್ಚಿಕೊಂಡಿದೆ ಎಂದರೆ ಕ್ಯಾಲಿಪರ್ರೇ ಜಾಮ್.” ಈ ಪರೀಕ್ಷೆ ಮಾಡದೆ ಕ್ಯಾಲಿಪರ್ ಬದಲಾಯಿಸಿ, ಮರುದಿನ ಮತ್ತೆ ಚಕ್ರ ಬಿಸಿಯಾಗಿ, ಕೊನೆಗೆ ಚಿಕ್ಕದೊಂದು ಹೋಸಿನಲ್ಲಿ ದೋಷ ಕಂಡುಕೊಂಡವರ ಕಥೆಗಳನ್ನು ಆಮೇಲೆ ಬೇರೆ ಕಡೆಯೂ ಕೇಳಿದೆ. ಮೇಸ್ತ್ರಿ ಲಿವರ್ ಕೊಟ್ಟು, ಪ್ಯಾಡನ್ನು ನೂಕುವ ಪಿಸ್ಟನ್ನನ್ನು ಒಳಕ್ಕೆ ಒತ್ತಿ, ಚಕ್ರ ಬಿಡಿಸಿ, ಅವರೇ ಮೊದಲನೆಯ ಗೇರಿನಲ್ಲಿ ಕಾರನ್ನು ಮೂರ್ನಾಡಿಗೆ ಇಳಿಸಿದರು. ನಾನು ಅವರ ಸ್ಕೂಟರಿನಲ್ಲಿ ಹಿಂದೆ ಹೋದೆ.

ಅಷ್ಟರಲ್ಲಿ ಪೇಟೆಯ ದೊಡ್ಡ ವರ್ಕ್‌ಶಾಪ್ ಒಂದರಲ್ಲಿಯೂ ಫೋನಿನಲ್ಲಿ ವಿಚಾರಿಸಿದ್ದೆ. ಎರಡೂ ಕಡೆ ಕ್ಯಾಲಿಪರ್, ಡಿಸ್ಕ್, ಪ್ಯಾಡ್, ಹೋಸ್, ಕೂಲಿ ಸೇರಿ 14,000 ರೂಪಾಯಿ ಎಂದರು. ಅವರದು ಮೋಸ ಎನ್ನಲಾರೆ. ಯಾವುದು ಕೆಟ್ಟಿದೆ ಎಂದು ಬಿಚ್ಚಿ ನೋಡುವ ಹೊತ್ತು ಅವರಿಗಿಲ್ಲ, ಎಲ್ಲವನ್ನೂ ಬದಲಿಸಿದರೆ ಜವಾಬ್ದಾರಿಯೂ ಮುಗಿಯುತ್ತದೆ. ಆದರೆ ಇಡೀ ಕಾರು ಮಾರಿದರೆ ಅದರ ಮೂರರಷ್ಟು ಬರುವುದೂ ಅನುಮಾನ. ಗುಜರಿಯಲ್ಲಿ ಹಳೆಯ ಕ್ಯಾಲಿಪರ್ ಸಿಗುವುದಿಲ್ಲವೇ ಎಂದು ಮೇಸ್ತ್ರಿಯನ್ನು ಕೇಳಿದೆ. “ಸಿಗುತ್ತದೆ. ನಿಮ್ಮ ತುಕ್ಕು ಬಿಟ್ಟು ಬೇರೊಬ್ಬರ ತುಕ್ಕು ತರುತ್ತೀರಿ,” ಎಂದರು. ಭಾನುವಾರ ಬಿಚ್ಚಿ ನೋಡಿ ತೀರ್ಮಾನಿಸೋಣ ಎಂದಾಯಿತು.

ಭಾನುವಾರ ಬೆಳಿಗ್ಗೆ ಗ್ಯಾರೇಜಿನಲ್ಲಿ ಬೇರೆ ಗಿರಾಕಿಗಳಿರಲಿಲ್ಲ. ಬಲಗಡೆಯ ಒಳ ಪ್ಯಾಡ್ ಸವೆದು ಕಬ್ಬಿಣ ಕಾಣುವಂತಾಗಿತ್ತು, ಹೊರ ಪ್ಯಾಡ್ ಇನ್ನೂ ದಪ್ಪವಿತ್ತು. ಪಿಸ್ಟನ್ ಹಿಂದೆ ಸರಿಯದೆ ಒಳಗಿನ ಪ್ಯಾಡನ್ನು ಒತ್ತಿಕೊಂಡೇ ಇತ್ತು ಎಂಬುದಕ್ಕೆ ಅದೇ ಗುರುತಂತೆ. ಎಡಗಡೆ ಕಾಯಿಲೆ ಬೇರೆ. ಅಲ್ಲಿ ಪಿಸ್ಟನ್ ಚೆನ್ನಾಗಿಯೇ ಆಡುತ್ತಿತ್ತು, ಆದರೆ ಕ್ಯಾಲಿಪರ್ ಆಚೀಚೆ ಜಾರುವ ಎರಡು ಪಿನ್ನುಗಳಲ್ಲಿ ಒಂದು ಗ್ರೀಸ್ ಒಣಗಿ ಕೂತುಬಿಟ್ಟಿತ್ತು. ಬಡಿದು ತೆಗೆಯುವಾಗ ಅದು ಕೂರುವ ತೂತಿನ ಅಂಚು ಬಿರುಕು ಬಿಟ್ಟಿತು. “ಹೋಗಲಿ, ಇದನ್ನು ಆಮೇಲೆ ನೋಡೋಣ,” ಎಂದು ಮೇಸ್ತ್ರಿ ಗೊಣಗಿದರು.

ಬಲಗಡೆಯ ಪಿಸ್ಟನ್ ತೆಗೆಯಲು ನನಗೆ ಕೆಲಸ ಸಿಕ್ಕಿತು. ಕ್ಯಾಲಿಪರ್ ಬಾಯಿಗೆ ಮರದ ತುಂಡು ಕೊಟ್ಟು, ನಾನು ಒಳಗೆ ಕುಳಿತು ಪೆಡಲ್ ಒತ್ತುವುದು. ಆಯಿಲ್ ಒತ್ತಡವೇ ಅದನ್ನು ಹೊರಗೆ ನೂಕುತ್ತದೆ. ಮೂವತ್ತು ನಲವತ್ತು ಸಲ ಒತ್ತಿದ ಮೇಲೆ ಟಪ್ ಎಂದು ಬಂತು. ಹೊರಗಿನ ರಬ್ಬರ್ ಬೂಟ್ ಹರಿದಿತ್ತು. ಅಲ್ಲಿಂದ ನುಗ್ಗಿದ ತೇವ ಪಿಸ್ಟನ್ನಿನ ಕ್ರೋಮ್ ಹೊಳಪನ್ನು ತಿಂದು, ಸಿಡುಬಿನ ಕಲೆಯಂಥ ಗುಳಿಗಳನ್ನು ಬಿಟ್ಟಿತ್ತು.

ಪಿಸ್ಟನ್ನನ್ನು ಹಿಂದಕ್ಕೆ ಎಳೆಯುವುದು ಯಾವುದು ಎಂದು ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ. ಒಳಗೆ ಸ್ಪ್ರಿಂಗ್ ಇರಬೇಕು ಎಂದುಕೊಂಡಿದ್ದೆ. ಸ್ಪ್ರಿಂಗೇ ಇಲ್ಲ. ಚೌಕ ಅಂಚಿನ ಒಂದು ರಬ್ಬರ್ ಉಂಗುರ, ಅಷ್ಟೇ. ಪಿಸ್ಟನ್ ಮುಂದೆ ಹೋದಾಗ ಆ ಸೀಲ್ ಅದರ ಜೊತೆ ಚೂರು ತಿರುಚಿಕೊಳ್ಳುತ್ತದೆ. ಕಾಲು ತೆಗೆದಾಗ ತನ್ನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದೆ ತರುತ್ತದೆ. ಚಕ್ರ ಸಲೀಸಾಗಿ ತಿರುಗುವುದು ಆ ಕೂದಲೆಳೆಯಿಂದ. ಒಂದಿಷ್ಟು ತುಕ್ಕು ಬಂದರೆ ರಬ್ಬರಿಗೆ ಎಳೆಯುವ ಶಕ್ತಿ ಸಾಲದು.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು ಎಂದು ಅವರು ಹಿಂದೆಯೂ ಹೇಳಿದ್ದರು, ನಾನು ಹಿಂದೆಯೂ ತಲೆಯಾಡಿಸಿದ್ದೆ. ಡಾಟ್ 3 ಎಂಬ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು, ನೀರು ಕುಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಮೇಕೇರಿಯಲ್ಲಿ ಪೆಡಲ್ ಯಾಕೆ ಕೈಕೊಟ್ಟಿತು ಎಂಬುದು ಆಗ ಹೊಳೆಯಿತು. ಕಚ್ಚಿಕೊಂಡ ಚಕ್ರದ ಕಾವಿಗೆ ಆಯಿಲ್ ಕುದಿದು ಆವಿಯಾಗಿತ್ತು. ಆವಿಯನ್ನು ಎಷ್ಟು ತುಳಿದರೂ ಚಕ್ರ ನಿಲ್ಲುವುದಿಲ್ಲ.

ಪಿಸ್ಟನ್ ಒಂದನ್ನೇ ಕೊಡುವ ಅಂಗಡಿ ಸಿಗಲಿಲ್ಲ. ಸೀಲ್ ಕಿಟ್ ಇಲ್ಲಿಯೇ ಸಿಕ್ಕಿತು. ಬಲಗಡೆಗೆ ಒಂದು ಹೊಸ ಕ್ಯಾಲಿಪರ್ ತರಿಸಿದರೆ ಎಡದ್ದನ್ನು ಹೇಗಾದರೂ ನೋಡೋಣ ಎಂದು, ಬೆಂಗಳೂರಿನಲ್ಲಿರುವ ತಂಗಿಯ ಮಗನಿಗೆ ಫೋನ್ ಮಾಡಿದೆ. ಜೆ.ಸಿ. ರಸ್ತೆಯಲ್ಲಿ ಸಿಗದ ಬಿಡಿಭಾಗವಿಲ್ಲ. ಕಾರಿನ ಮುಂದೆ ಮಂಡಿಯೂರಿ ಫೋಟೊ ತೆಗೆದು, “ಎಡಗಡೆಯದು, ಎಡಗಡೆಯದು ಬೇಕು” ಎಂದು ಎರಡು ಸಲ ಒತ್ತಿ ಹೇಳಿದೆ. ಅವನು ಪಾಪ ಅಂದೇ ಕೊಂಡು ಕೆಎಸ್‌ಆರ್‌ಟಿಸಿ ಕಾರ್ಗೋದಲ್ಲಿ ಹಾಕಿದ. ಮಂಗಳವಾರ ಮಡಿಕೇರಿ ಬಸ್ ನಿಲ್ದಾಣದಿಂದ ಬಿಡಿಸಿಕೊಂಡು ಬಂದೆ.

ಮೇಸ್ತ್ರಿ ಡಬ್ಬ ಬಿಚ್ಚಿ, ಕ್ಯಾಲಿಪರನ್ನು ಬಲಚಕ್ರದ ಬಳಿ ಹಿಡಿದರು. ಬೋಲ್ಟ್ ತೂತುಗಳು ಸರಿಯಾಗಿ ಕೂಡಿಬಂದವು. ನಾನು ಸಂತೋಷಪಟ್ಟೆ. ಅವರು ನಿಪ್ಪಲ್ಲಿನ ಮೇಲೆ ಬೆರಳಿಟ್ಟರು. ಅದು ಕೆಳಮುಖವಾಗಿತ್ತು.

“ಮೇಷ್ಟ್ರೇ, ಗಾಳಿ ಮೇಲಕ್ಕೆ ಹೋಗುತ್ತದೋ ಕೆಳಕ್ಕೋ?”

ನಿಪ್ಪಲ್ ಮೇಲಿದ್ದರೆ ಮಾತ್ರ ಒಳಗಿನ ಗಾಳಿಯೆಲ್ಲ ಹೊರಗೆ ಬರುತ್ತದೆ. ಕೆಳಗಿದ್ದರೆ ದಿನವಿಡೀ ಪೆಡಲ್ ಒತ್ತಿದರೂ ಒಂದು ಗುಳ್ಳೆ ಮೇಲೆಯೇ ಉಳಿಯುತ್ತದೆ, ಪೆಡಲ್ ಮೆತ್ತಗೆಯೇ ಇರುತ್ತದೆ. ಬಂದಿರುವುದು ಎಡಗಡೆಯದು. ಕಾರಿನ ಎಡ ಎಂದರೆ ಸೀಟಿನಲ್ಲಿ ಕುಳಿತವರ ಎಡ. ನಾನು ಕಾರಿಗೆ ಎದುರಾಗಿ ನಿಂತು ನನ್ನ ಎಡ ಹೇಳಿದ್ದೆ. ಕನ್ನಡಿಯಲ್ಲಿ ಎಡ ಬಲ ಯಾಕೆ ಅದಲುಬದಲಾಗಿ ಕಾಣುತ್ತವೆ ಎಂದು ಇಪ್ಪತ್ತೆರಡು ವರ್ಷದಿಂದ ಎಂಟನೆಯ ತರಗತಿಗೆ ಪಾಠ ಮಾಡುತ್ತಿರುವವನು ನಾನು.

ವಾಪಸು ಕಳಿಸಿ ಮತ್ತೊಂದನ್ನು ತರಿಸುವಷ್ಟರಲ್ಲಿ ತಪಾಸಣೆಯ ದಿನ ದಾಟುತ್ತಿತ್ತು. ಮೇಸ್ತ್ರಿ ಬೀಡಿ ಹಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ಬೆಂಚಿನ ಮೇಲೆ ಎಲ್ಲವನ್ನೂ ಸಾಲಾಗಿ ಇಟ್ಟರು. ಎಡದ ಹಳೆಯ ಕ್ಯಾಲಿಪರ್: ಮೈ ಬಿರುಕು, ಪಿಸ್ಟನ್ ಫಳಫಳ. ಬಲದ ಹಳೆಯದು: ಪಿಸ್ಟನ್ ಹಾಳು, ಮೈ ಗಟ್ಟಿ. “ಪಿಸ್ಟನ್ನಿಗೆ ಎಡವೂ ಇಲ್ಲ, ಬಲವೂ ಇಲ್ಲ,” ಎಂದರು. ಹೊಸ ಕ್ಯಾಲಿಪರ್ ಎಡಕ್ಕೆ ಹೋಯಿತು. ಎಡದ ಹಳೆಯ ಪಿಸ್ಟನ್, ಅಳತೆ ನೋಡಿ, ಬಲದ ಹಳೆಯ ಮೈಯೊಳಗೆ ಹೊಸ ಸೀಲ್ ಜೊತೆ ಕೂತಿತು. ಸೀಲ್ ಕೂರುವ ತೋಡನ್ನು ತೊಳೆಯಲು ನಾನು ಸೀಮೆಎಣ್ಣೆ ಬಾಟಲಿಗೆ ಕೈ ಹಾಕಿದೆ. ಅವರು ಕೈಯ ಮೇಲೆ ಹೊಡೆದೇಬಿಟ್ಟರು. ಸೀಮೆಎಣ್ಣೆ, ಪೆಟ್ರೋಲ್, ಮಾಮೂಲಿ ಗ್ರೀಸ್ ಯಾವುದು ತಗುಲಿದರೂ ಆ ರಬ್ಬರ್ ಊದಿಕೊಂಡು ಮತ್ತೆ ಇದೇ ಕಥೆ. ತೊಳೆದದ್ದು ಬ್ರೇಕ್ ಆಯಿಲ್‌ನಲ್ಲಿಯೇ. ಪಿನ್ನುಗಳಿಗೆ ಹಚ್ಚಿದ್ದು ಸಿಲಿಕೋನ್ ಗ್ರೀಸ್.

ಪ್ಯಾಡ್ ಮಾತ್ರ ಎರಡೂ ಕಡೆ ಹೊಸದು. ಸವೆದ ಒಂದು ಬದಿಗೆ ಮಾತ್ರ ಹಾಕಬಾರದೇ ಎಂದು ಕೇಳಬೇಕೆಂದಿದ್ದೆ, ಹೊಡೆಸಿಕೊಂಡ ಕೈ ಇನ್ನೂ ಉರಿಯುತ್ತಿದ್ದುದರಿಂದ ಸುಮ್ಮನಾದೆ. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಹಿಡಿದರೆ ಮಳೆಯ ರಸ್ತೆಯಲ್ಲಿ ಕಾರು ಎತ್ತ ತಿರುಗುತ್ತದೆಂದು ಹೇಳಲಾಗದು. ಇಪ್ಪತ್ತು ವರ್ಷದ ಹೋಸುಗಳನ್ನೂ ಬದಲಿಸಿದೆವು. ಹೋಸಿನ ಬೋಲ್ಟಿಗೆ ಬರುವ ತಾಮ್ರದ ವಾಷರ್ ಚಿಲ್ಲರೆ ಕಾಸಿನ ಸಾಮಾನು. ಹಳೆಯದನ್ನೇ ಹಾಕಿದರೆ ಅಲ್ಲಿಂದಲೇ ಸೋರುತ್ತದೆ.

ಬ್ರೇಕ್ ಆಯಿಲ್‌ನೊಳಗಿನ ಗಾಳಿ ತೆಗೆಯುವಾಗ ಸಂಜೆಯಾಗಿತ್ತು. ದೂರದ ಹಿಂದಿನ ಚಕ್ರದಿಂದ ಶುರು. ನಾನು ಒಳಗೆ, ಅವರು ಚಕ್ರದ ಬಳಿ. “ಒತ್ತಿ ಹಿಡಿಯಿರಿ.” “ಹಿಡಿದೆ.” “ಬಿಡಿ.” ನಿಪ್ಪಲ್ ಮುಚ್ಚುವ ಮುಂಚೆ ಕಾಲು ತೆಗೆದು ಎರಡು ಸಲ ಬೈಸಿಕೊಂಡೆ. ಬಾಟಲಿಯೊಳಗೆ ಗುಳ್ಳೆ ನಿಂತು ಹೊಂಬಣ್ಣದ ಆಯಿಲ್ ಬರತೊಡಗಿದಾಗ ಪೆಡಲ್ ಕಲ್ಲಿನಂತಾಯಿತು. ಬಾನೆಟ್ ಬದಿಯಲ್ಲಿ ಚೆಲ್ಲಿದ ಹನಿಗಳನ್ನು ತಕ್ಷಣ ತೊಳೆಯಲು ಮರೆತಿದ್ದರಿಂದ ಅಂಗೈಯಷ್ಟು ಅಗಲ ಪೇಂಟ್ ಸುಲಿದುಹೋಗಿದೆ. ಅದು ಹಾಗೆಯೇ ಇದೆ.

ಕೂಲಿ, ಕಾರ್ಗೋ ಎಲ್ಲ ಸೇರಿ 4,850 ರೂಪಾಯಿ ಆಯಿತು. ನವೀಕರಣಕ್ಕೆ ಕಟ್ಟಿದ್ದಕ್ಕಿಂತ 150 ಕಡಿಮೆ. ಉಳಿದ ಒಂದು ಸೀಲ್ ಕಿಟ್ ಮೇಜಿನ ಡ್ರಾದಲ್ಲಿದೆ.

ತಪಾಸಣೆ ಹತ್ತು ನಿಮಿಷದಲ್ಲಿ ಮುಗಿಯಿತು. ಹಿಂದಿರುಗುವಾಗ ಮೇಕೇರಿಯಲ್ಲಿ ಅದೇ ಚಹಾದಂಗಡಿಯ ಮುಂದೆ ನಿಲ್ಲಿಸಿ, ಕೆಳಗಿಳಿದು, ನಾಲ್ಕೂ ಚಕ್ರಗಳ ಬಳಿ ಅಂಗೈ ಹಿಡಿದು ಕಾವು ನೋಡುತ್ತ ಕೂತೆ. ಮುಂದಿನ ಎರಡೂ ಒಂದೇ ಸಮ ಬೆಚ್ಚಗಿದ್ದವು. ತಲೆಯೆತ್ತಿದಾಗ ಅಂಗಡಿಯವರು ಬಕೆಟ್ ಹಿಡಿದು ಓಡಿ ಬರುತ್ತಿದ್ದರು.