ಮನುಷ್ಯ ಒಳ್ಳೆಯವನೋ ಕೆಟ್ಟವನೋ ಎಂದು ಕೇಳುವವರಿಗೆ

ಹಳೆಯ ಕಾಲದ ಮನುಷ್ಯರ ಎಲುಬುಗಳ ಬಗ್ಗೆ ಪಾಠ ಮಾಡುವವಳು ನಾನು ಎಂದು ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ: "ಇಷ್ಟೆಲ್ಲ ನೋಡಿದ್ದೀರಲ್ಲ, ಮನುಷ್ಯ ಮೂಲತಃ ಒಳ್ಳೆಯವನೋ ಕೆಟ್ಟವನೋ, ಒಂದೇ ಮಾತಿನಲ್ಲಿ ಹೇಳಿಬಿಡಿ." ಮೊದಮೊದಲು ಸೌಜನ್ಯಕ್ಕೆ "ಎರಡೂ ಹೌದು" ಎನ್ನುತ್ತಿದ್ದೆ. ಇಷ್ಟು ಹೇಳಲು ಇವಳಿಗೆ ಸಂಬಳ ಬೇರೆ ಕೊಡುತ್ತಾರೆಯೇ ಎಂಬ ಭಾವ ಅವರ ಮುಖದಲ್ಲಿ ಕಾಣುತ್ತಿದ್ದುದರಿಂದ ಆ ಸೌಜನ್ಯವನ್ನು ಈಗ ಬಿಟ್ಟಿದ್ದೇನೆ. ಇದು ನನ್ನ ಉತ್ತರ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಕೇಳುವವರಲ್ಲಿ ಹೆಚ್ಚಿನವರು ಉತ್ತರವನ್ನು ಜೇಬಿನಲ್ಲಿಟ್ಟುಕೊಂಡೇ ಬಂದಿರುತ್ತಾರೆ ಎಂಬುದು ನನ್ನ ಮುಖ್ಯ ದೂರು. ಒಂದು ಮದುವೆಯ ಪಂಕ್ತಿಯಲ್ಲಿ, ಎಲೆಗೆ ಇನ್ನೂ ಕೋಸಂಬರಿ ಬೀಳುವ ಮೊದಲೇ, ಪಕ್ಕದಲ್ಲಿದ್ದ ಹಿರಿಯರೊಬ್ಬರು "ನೋಡಮ್ಮ, ನಿನ್ನ ಸಬ್ಜೆಕ್ಟೇ ಇದು" ಎಂದು ವಾಟ್ಸಾಪ್ ಸಂದೇಶವೊಂದನ್ನು ಗಟ್ಟಿಯಾಗಿ ಓದತೊಡಗಿದರು. ನಾಗರಿಕತೆಯ ಮೊದಲ ಕುರುಹು ಯಾವುದೆಂದು ಅಮೆರಿಕದ ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ ಅವರನ್ನು ಕೇಳಿದಾಗ, ಮುರಿದು ಕೂಡಿಕೊಂಡ ತೊಡೆಯ ಮೂಳೆ ಎಂದು ಅವರು ಹೇಳಿದರಂತೆ; ಅದು ಕೂಡಿಕೊಳ್ಳುವವರೆಗೆ ಯಾರೋ ಆ ಗಾಯಾಳುವನ್ನು ನೋಡಿಕೊಂಡಿದ್ದರು ಎಂಬುದು ಅದರ ಅರ್ಥವಂತೆ. ಆ ಮಾತು ಮೀಡ್ ಅವರ ಬರಹಗಳಲ್ಲಿ ಸಿಕ್ಕಿಲ್ಲ, 1978ರಲ್ಲಿ ಅವರು ತೀರಿಕೊಂಡ ನಂತರ ಬೇರೆಯವರ ಪುಸ್ತಕಗಳ ಮೂಲಕ ಹರಡಿದ್ದು ಎಂದೆ. ಅಷ್ಟಕ್ಕೇ ನಿಲ್ಲಿಸದೆ, ಅಡಾಲ್ಫ್ ಶುಲ್ಟ್ಸ್ ಅಧ್ಯಯನ ಮಾಡಿದ, ಬಾಲವಿಲ್ಲದ ವಾನರಗಳಾದ ಕಾಡು ಗಿಬ್ಬನ್‌ಗಳ ಅಸ್ಥಿಪಂಜರಗಳಲ್ಲಿಯೂ ಮುರಿದು ಕೂಡಿಕೊಂಡ ಮೂಳೆಗಳು ಬೇಕಾದಷ್ಟಿದ್ದವು, ಅವಕ್ಕೆ ಯಾರೂ ಕಟ್ಟು ಹಾಕಿರಲಿಲ್ಲ ಎಂದೂ ಸೇರಿಸಿದೆ. "ಹಾಗಾದರೆ ಮನುಷ್ಯ ಕೆಟ್ಟವನೇ ಅನ್ನು" ಎಂದು ಅವರು ಮೊಬೈಲ್ ಕೆಳಗಿಟ್ಟು ಪಾಯಸಕ್ಕೆ ಕೈ ಹಾಕಿದರು.

ಇರಾಕಿನ ಕುರ್ದಿಸ್ತಾನದಲ್ಲಿರುವ ಶಾನಿದಾರ್ ಗುಹೆಯ ವಿಷಯವನ್ನು ಅವರಿಗೆ ಹೇಳಬೇಕೆಂದಿದ್ದೆ. 1951ರಿಂದ 1960ರವರೆಗೆ ರಾಲ್ಫ್ ಸೊಲೆಕಿ ಅವರ ತಂಡ ಅಲ್ಲಿ ಅಗೆದು ನಮ್ಮ ಹತ್ತಿರದ, ಈಗ ಅಳಿದುಹೋದ ಬಂಧುಗಳಾದ ಹಲವು ನಿಯಾಂಡರ್ಥಾಲ್ ಮನುಷ್ಯರ ಎಲುಬುಗಳನ್ನು ಹೊರತೆಗೆಯಿತು. ಅವರಲ್ಲಿ ಒಂದನೆಯ ಸಂಖ್ಯೆಯವನಿಗೆ ಎಡಗಣ್ಣಿನ ಸುತ್ತಲಿನ ಮೂಳೆ ಜಜ್ಜಿಹೋಗಿತ್ತು, ಸೊರಗಿದ ಬಲಗೈ ಮೊಣಕೈಯ ಹತ್ತಿರವೇ ಮುಗಿಯುತ್ತಿತ್ತು, ಕಿವಿಯ ನಾಳದಲ್ಲಿ ಮೂಳೆ ಬೆಳೆದು ಕೇಳಿಸುವುದೂ ಕಷ್ಟವಾಗಿತ್ತು. ಇಷ್ಟಾದರೂ ಅವನು ನಲವತ್ತರ ಆಸುಪಾಸಿನವರೆಗೆ ಬದುಕಿದ್ದ. ಅದೇ ಗುಹೆಯ ಮೂರನೆಯವನ ಎಡ ಪಕ್ಕೆಲುಬಿನಲ್ಲಿ ಚೂಪಾದ ಆಯುಧ ಕೊರೆದ ಗೀರು ಇದೆ. ಸ್ಟೀವನ್ ಚರ್ಚಿಲ್ ಮತ್ತು ಸಂಗಡಿಗರು ಸತ್ತ ಹಂದಿಗಳ ಮೇಲೆ ಕಲ್ಲಿನ ಮೊನೆಗಳನ್ನು ಹೊಡೆದು ಪರೀಕ್ಷಿಸಿ, ಆ ಗೀರು ಎಸೆದ ಈಟಿಯ ಪೆಟ್ಟನ್ನು ಹೋಲುತ್ತದೆ ಎಂದು 2009ರಲ್ಲಿ ಬರೆದರು. ಒಂದೇ ಗುಹೆ, ಇಬ್ಬರು ಮನುಷ್ಯರು. ಯಾರನ್ನು ಎಣಿಸಿ ಯಾವ ತೀರ್ಪು ಕೊಡಲಿ?

ನಮ್ಮ ಕೆಲಸ ತೀರ್ಪು ಕೊಡುವುದಲ್ಲ, ಗಾಯದ ಅಂಚನ್ನು ನೋಡುವುದು. ಅಂಚು ಹರಿತವಾಗಿಯೇ ಉಳಿದಿದ್ದರೆ ಪೆಟ್ಟು ಬಿದ್ದದ್ದು ಸಾವಿನ ಹೊತ್ತಿನಲ್ಲಿ; ಅಂಚು ದುಂಡಗಾಗಿ ಹೊಸ ಮೂಳೆ ಕಟ್ಟಿದ್ದರೆ ಆಮೇಲೂ ಆ ಮನುಷ್ಯ ಬದುಕಿದ್ದಾನೆ. ಸುಡಾನಿನ ಜಬಲ್ ಸಹಾಬಾದಲ್ಲಿ 1960ರ ದಶಕದಲ್ಲಿ ಸಿಕ್ಕ, ಹದಿಮೂರು ಸಾವಿರ ವರ್ಷಗಳಿಗೂ ಹಿಂದಿನ 61 ಜನರ ಸ್ಮಶಾನವನ್ನು ಬಹುಕಾಲ ಜಗತ್ತಿನ ಮೊದಲ ಯುದ್ಧದ ಸಾಕ್ಷಿಯೆಂದು ಹೇಳಲಾಗುತ್ತಿತ್ತು. 2021ರಲ್ಲಿ ಇಸಾಬೆಲ್ ಕ್ರೆವೆಕರ್ ಮತ್ತು ಸಂಗಡಿಗರು ಅದೇ ಎಲುಬುಗಳನ್ನು ಸೂಕ್ಷ್ಮದರ್ಶಕದಲ್ಲಿ ಮತ್ತೆ ನೋಡಿದಾಗ, ಹಲವರಲ್ಲಿ ಮಾಯ್ದ ಹಳೆಯ ಗಾಯದ ಜೊತೆಗೆ ಮಾಯದ ಹೊಸ ಗಾಯವೂ ಕಂಡಿತು. ಆದ್ದರಿಂದ ಅದು ಒಂದೇ ದಿನದ ಕದನವಲ್ಲ, ಮರಳಿ ಮರಳಿ ನಡೆದ ಸಣ್ಣ ದಾಳಿಗಳ ಫಲ ಎಂಬ ನಿರ್ಣಯಕ್ಕೆ ಅವರು ಬಂದರು.

ಗಾಯ ಮಾಯ್ದಿದೆ ಎಂದ ಮಾತ್ರಕ್ಕೆ ಯಾರೋ ಆರೈಕೆ ಮಾಡಿದರು ಎನ್ನಲು ಬರುವುದಿಲ್ಲ ಎಂಬುದನ್ನು ಗಿಬ್ಬನ್‌ಗಳೇ ತೋರಿಸಿವೆ. ಹಾಗಾದರೆ ಯಾವಾಗ ಎನ್ನಬಹುದು? ಆಸ್ಟ್ರೇಲಿಯಾದ ಲೋರ್ನಾ ಟಿಲಿ ಈ ಪ್ರಶ್ನೆಗೊಂದು ವಿಧಾನ ರೂಪಿಸಿದರು. ಉತ್ತರ ವಿಯೆಟ್ನಾಮಿನ ಮಾನ್ ಬಾಕ್‌ನಲ್ಲಿ ಸುಮಾರು ನಾಲ್ಕು ಸಾವಿರ ವರ್ಷ ಹಿಂದಿನ ಯುವಕನೊಬ್ಬನ ಎಲುಬುಗಳು, ಅವನಿಗೆ ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ, ಕೈಗಳೂ ಹೆಚ್ಚು ನಡೆಯುತ್ತಿರಲಿಲ್ಲ, ಆದರೂ ಆ ಸ್ಥಿತಿಯಲ್ಲಿ ಸುಮಾರು ಹತ್ತು ವರ್ಷ ಬದುಕಿದ್ದ ಎಂದು ತೋರಿಸುತ್ತವೆ. ಅಂಥವನಿಗೆ ದಿನವೂ ಏನೇನು ಬೇಕಾಗಿತ್ತು ಎಂದು ಟಿಲಿ ಲೆಕ್ಕ ಹಾಕಿದರು: ತಿನ್ನಿಸಬೇಕು, ನೀರು ಕುಡಿಸಬೇಕು, ಮೈ ಒರೆಸಬೇಕು, ಮಲಗಿ ಹುಣ್ಣಾಗದಂತೆ ಆಗಾಗ ಮಗ್ಗುಲು ಬದಲಿಸಬೇಕು. ಇವುಗಳಲ್ಲಿ ಒಂದು ತಪ್ಪಿದ್ದರೂ ಅವನು ಅಷ್ಟು ಕಾಲ ಉಳಿಯುತ್ತಿರಲಿಲ್ಲ.

ಆ ಮಗ್ಗುಲು ಬದಲಿಸಿದವರು ಯಾರು? ಇದನ್ನು ಕೇಳುವವರು ಯಾಕಿಲ್ಲ ಎಂಬುದೇ ನನ್ನ ಹೊಟ್ಟೆಯುರಿ. ಹೊಡೆದವನ ಕುರುಹು ಹೊಡೆಸಿಕೊಂಡವನ ಮೂಳೆಯಲ್ಲಿ ಒಂದೇ ಕ್ಷಣದಲ್ಲಿ ಬೀಳುತ್ತದೆ. ಹತ್ತು ವರ್ಷ ನೋಡಿಕೊಂಡವರ ಎಲುಬಿನಲ್ಲಿ ಆ ಕೆಲಸ ಗುರುತು ಹಿಡಿಯುವಂತೆ ಉಳಿಯುವುದಿಲ್ಲ. ಹೀಗಿರುವಾಗ ಮಣ್ಣಿನಡಿಯಿಂದ ಸಿಕ್ಕ ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗುವುದು ಎಂಥ ನ್ಯಾಯ? ಬದುಕಿರುವವರ ನಡುವೆಯಾದರೆ ತೂಗಲು ಸಾಧ್ಯ. ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವ ಟಾಂಜಾನಿಯಾದ ಹಡ್ಜಾ ಜನರಲ್ಲಿ ಕ್ರಿಸ್ಟನ್ ಹಾಕ್ಸ್ ಮತ್ತು ಸಂಗಡಿಗರು ಯಾರು ಎಷ್ಟು ಹೊತ್ತು ಗೆಡ್ಡೆ ಅಗೆಯುತ್ತಾರೆ ಎಂದು ಗಮನಿಸಿ, ಮಕ್ಕಳನ್ನೂ ತೂಗಿದರು. ತಾಯಿ ಎಳೆಗೂಸಿಗೆ ಹಾಲುಣಿಸುತ್ತಿದ್ದ ಕಾಲದಲ್ಲಿ ಹಿರಿಯ ಮಗುವಿನ ಮೈತೂಕ ಅಜ್ಜಿ ಅಗೆಯುವ ಹೊತ್ತಿಗೆ ಹೊಂದಿಕೊಂಡಿತ್ತು.

ನಮ್ಮ ವೀರಗಲ್ಲುಗಳನ್ನು ನೋಡಿ "ನಾವು ಕಾದಾಡುವ ಜನ" ಎಂದು ಎದೆಯುಬ್ಬಿಸುವವರಿಗೂ ಇದೇ ಉತ್ತರ. ತುರುಗಾಳಗದಲ್ಲಿ ಊರ ದನಗಳನ್ನು ಬಿಡಿಸಲು ಹೋಗಿ ಮಡಿದವನ ಕಲ್ಲಿನಲ್ಲಿ ಕೆಳಗೆ ಹೋರಾಟ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲೋಕ. ಎಲ್ಲರೂ ಫೋಟೋ ತೆಗೆಯುವುದು ಇವನ್ನೇ. ಕೆಲವು ಶಾಸನಗಳಲ್ಲಿ ನೆತ್ತರುಗೊಡಗೆಯ ಮಾತೂ ಇರುತ್ತದೆ: ಸತ್ತವನ ಮನೆಯವರಿಗೆ ಬಿಟ್ಟ ಭೂಮಿ. ಕಾಳಗವೂ ಸತ್ತವನು ಬಿಟ್ಟುಹೋದವರ ಹೊಣೆಯೂ ಒಂದೇ ಕಲ್ಲಿನಲ್ಲಿವೆ. ಸ್ವಂತ ಗುಂಪಿಗಾಗಿ ಪ್ರಾಣ ಕೊಡುವ ಗುಣವೂ ಹೊರಗಿನವರ ಮೇಲಿನ ಹಗೆಯೂ ಜೊತೆಜೊತೆಗೇ ಬೆಳೆದಿರಬಹುದು ಎಂದು ಅರ್ಥಶಾಸ್ತ್ರಜ್ಞರಾದ ಚೋಯ್ ಮತ್ತು ಬೌಲ್ಸ್ 2007ರಲ್ಲಿ ವಾದಿಸಿದ್ದರು. ಅದು ಕಂಪ್ಯೂಟರಿನೊಳಗಿನ ಮಾದರಿ ಎಂದು ನಾನು ಸ್ವಲ್ಪ ದೂರವಿಟ್ಟರೂ, ಈ ಕಲ್ಲುಗಳ ಮುಂದೆ ನಿಂತಾಗ ಅದನ್ನು ತಳ್ಳಿಹಾಕುವುದು ಕಷ್ಟ. ಇನ್ನು, ಅದೇ ಕಾಳಗದಿಂದ ಈಟಿಯ ಗಾಯ ಹೊತ್ತು ಜೀವಂತವಾಗಿ ಮನೆಗೆ ಬಂದವನಿಗೆ ವೀರಗಲ್ಲು ಇಲ್ಲ. ಅವನ ಗಾಯ ತೊಳೆದವರ ಹೆಸರಂತೂ ಕೇಳುವುದೇ ಬೇಡ.

ನನ್ನನ್ನು ಮಾತಿಗೆ ಎಳೆಯಲೇಬೇಕೆಂದಿರುವವರು ಆ ನೆತ್ತರುಗೊಡಗೆಯ ಭೂಮಿ ಯಾರ ಹೆಸರಿಗೆ ಹೋಯಿತು, ಹೆಂಡತಿಗೋ ಮಗನಿಗೋ, ಕೊಟ್ಟವರು ಅರಸರೋ ಊರವರೋ ಎಂದು ಕೇಳಲಿ. ಅದಕ್ಕಾದರೆ ಶಾಸನ ಸಂಪುಟಗಳನ್ನು ತೆರೆದು ಕೂತು ಸಾಲು ಸಾಲಾಗಿ ಹುಡುಕಬಹುದು.