ನಮ್ಮ ಟೆಂಟ್ ಟ್ರೈಲರ್: ಒಂದೊಂದು ಕೆಜಿಯ ಲೆಕ್ಕ

ಅಡಿಲೇಡಿಗೆ ಬಂದು ನೆಲೆಸಿದ ಮೇಲೆ ನನಗೆ ಹತ್ತಿದ ಹುಚ್ಚು ಕ್ಯಾಂಪರ್ ಟ್ರೈಲರ್. ಕಾರಿನ ಹಿಂದೆ ಎಳೆದುಕೊಂಡು ಹೋಗುವ ಪುಟ್ಟ ಟ್ರೈಲರ್, ಅದರ ತಲೆಯ ಮೇಲೆ ಮಡಚಿಟ್ಟ ಕ್ಯಾನ್ವಾಸ್ ಟೆಂಟ್. ಬಿಚ್ಚಿದರೆ ಟ್ರೈಲರ್ ಮೇಲೇ ಹಾಸಿಗೆ, ಪಕ್ಕದ ನೆಲದಲ್ಲಿ ಮಕ್ಕಳು ಮಲಗುವಷ್ಟು ಜಾಗ. ಆಸ್ಟ್ರೇಲಿಯಾದವರಿಗೆ ಇದೆಲ್ಲ ಮಾಮೂಲಿ. ಅಂಗಡಿಯಲ್ಲಿ ರೆಡಿಯಾಗಿಯೇ ಸಿಗುತ್ತದೆ. ಬೆಲೆ ಕೇಳಿದ ನನ್ನ ಹೆಂಡತಿ, "ರೀ, ಈ ದುಡ್ಡಲ್ಲಿ ಮಂಡ್ಯಕ್ಕೆ ಎಷ್ಟು ಸಲ ಹೋಗಿ ಬರಬಹುದು ಗೊತ್ತಾ?" ಅಂದಳು. ಅಲ್ಲಿಗೆ ಮಾತು ಮುಗಿಯಿತು. ಏಳಡಿ ಉದ್ದ, ನಾಲ್ಕಡಿ ಅಗಲದ ಸೆಕೆಂಡ್ ಹ್ಯಾಂಡ್ ಬಾಕ್ಸ್ ಟ್ರೈಲರ್ ತಂದೆ. ಯಾರೋ ಬಳಸಿ ಬಿಟ್ಟ ಟೆಂಟ್ ಬೇರೆ ಕಡೆ ಸಿಕ್ಕಿತು. ಎರಡನ್ನೂ ಸೇರಿಸುವ ಕೆಲಸ ಮನೆ ಹಿಂದಿನ ಶೆಡ್ಡಿನಲ್ಲಿ ಶುರುವಾಯಿತು.

ಇಲ್ಲಿ ಟ್ರೈಲರ್ ಚಕ್ರಗಳ ಮೇಲೆ ಬೀಳುವ ಭಾರ 750 ಕೆಜಿ ಮೀರದಿದ್ದರೆ ಅದಕ್ಕೆ ಬೇರೆ ಬ್ರೇಕ್ ಬೇಕಿಲ್ಲ. ಮೀರಿದರೆ ಬ್ರೇಕ್ ಕಡ್ಡಾಯ. ನಾನು ಈ 750ರ ಒಳಗೇ ಇರಬೇಕು ಅಂತ ಹಟ ಹಿಡಿದೆ. ಕಾನೂನು ಒಂದು ಕಡೆ ಇರಲಿ, ಹಗುರವಾದ ಟ್ರೈಲರ್ ಮರಳಲ್ಲಿ ಹೂತುಕೊಳ್ಳುವುದು ಕಮ್ಮಿ, ಮುರಿಯುವುದೂ ಕಮ್ಮಿ. ಆದರೆ 750 ಅನ್ನೋದು ಕೇಳಲಷ್ಟೇ ದೊಡ್ಡ ಸಂಖ್ಯೆ. ಖಾಲಿ ಟ್ರೈಲರ್, ಟೆಂಟ್, ಬ್ಯಾಟರಿ, ಫ್ರಿಜ್, ಸ್ಪೇರ್ ಚಕ್ರ ಸೇರಿದರೆ ಅರ್ಧಕ್ಕಿಂತ ಜಾಸ್ತಿ ಹೋಯಿತು. ಅರವತ್ತು ಲೀಟರ್ ನೀರು ಅಂದರೆ ಅರವತ್ತು ಕೆಜಿ. ಅಕ್ಕಿ, ಬೇಳೆ, ಕುಕ್ಕರ್ ಇನ್ನೂ ಬಂದೇ ಇಲ್ಲ.

ಭಾರ ಎಷ್ಟು ಅನ್ನೋದರ ಜೊತೆಗೆ ಎಲ್ಲಿ ಅನ್ನೋದೂ ಮುಖ್ಯ. ಇದನ್ನು ನನಗೆ ಹೇಳಿಕೊಟ್ಟಿದ್ದು ಯೂಟ್ಯೂಬ್ ಅಲ್ಲ, ನಮ್ಮಪ್ಪ. ವಿಡಿಯೋ ಕಾಲ್‌ನಲ್ಲಿ ಟ್ರೈಲರ್ ತೋರಿಸಿದೆ. ಹಿಂಬದಿಗೆ ನೀರಿನ ಟ್ಯಾಂಕ್ ಹಾಕಲು ಗುರುತು ಮಾಡಿದ್ದೆ. "ಲೇ, ಹಿಂದಕ್ಕೆ ಹೇರಿದ್ರೆ ಮೂಕಿ ಮೇಲೇಳುತ್ತೆ ಕಣೋ. ಮುಂದೆ ಸ್ವಲ್ಪ ಭಾರ ಇರ್ಬೇಕು, ಎತ್ತಿನ ಕತ್ತು ಮುರಿಯೋ ಅಷ್ಟಲ್ಲ" ಅಂದರು. ಎತ್ತಿನ ಗಾಡಿಗೆ ಕಬ್ಬು ಹೇರಿದವರ ಲೆಕ್ಕ ಅದು. ಇಲ್ಲಿನವರು ಹೇಳುವುದೂ ಅದನ್ನೇ: ಒಟ್ಟು ಭಾರದ ಸುಮಾರು ಶೇ. 10 ಕಾರಿಗೆ ಸಿಕ್ಕಿಸುವ ಕೊಂಡಿಯ ಮೇಲೆ ಬೀಳಬೇಕು. ಕಮ್ಮಿಯಾದರೆ ವೇಗದಲ್ಲಿ ಟ್ರೈಲರ್ ಎಡಬಲ ಓಲಾಡಲು ಶುರು ಮಾಡುತ್ತದೆ. ಜಾಸ್ತಿಯಾದರೆ ಕಾರಿನ ಹಿಂಬದಿ ಕುಸಿದು ಮುಂದಿನ ಚಕ್ರಗಳ ಹಿಡಿತ ಹೋಗುತ್ತದೆ. ಟ್ರೈಲರ್ ಮೂತಿಯ ಪುಟ್ಟ ಚಕ್ರದ ಕೆಳಗೆ ಮನೆಯ ತೂಕದ ಮೆಷಿನ್ ಇಟ್ಟು ನೋಡಿದರೆ ಕೊಂಡಿಯ ಭಾರ ಗೊತ್ತಾಗುತ್ತದೆ. ಟ್ಯಾಂಕ್ ಆಕ್ಸಲ್‌ಗಿಂತ, ಅಂದರೆ ಚಕ್ರಗಳ ಅಚ್ಚಿಗಿಂತ, ತುಸು ಮುಂದಕ್ಕೆ ಬಂತು.

ಇನ್ನು ರಸ್ತೆಯ ವಿಷಯ. ನಮ್ಮ ಟ್ರೈಲರ್ ಹೇಗಿರಬೇಕು ಅಂತ ತೀರ್ಮಾನ ಮಾಡಿದ್ದು ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ಊಡ್ನಡಾಟಾ ಟ್ರ್ಯಾಕ್. ಮಾರೀ ಊರಿಂದ ಮಾರ್ಲಾವರೆಗೆ ಸುಮಾರು 620 ಕಿಲೋಮೀಟರ್ ಮಣ್ಣಿನ ದಾರಿ. ಬಹುಪಾಲು ಹಳೇ ಘಾನ್ ರೈಲು ಮಾರ್ಗದ ಪಕ್ಕದಲ್ಲೇ ಹೋಗುತ್ತದೆ. ಆ ಮಾರ್ಗ 1980ರಲ್ಲಿ ಮುಚ್ಚಿತು. ಈಗಲೂ ಅಲ್ಲಲ್ಲಿ ಕಬ್ಬಿಣದ ಸೇತುವೆ, ಪಾಳುಬಿದ್ದ ಕಲ್ಲಿನ ಮನೆಗಳು ನಿಂತಿವೆ. ಕವರ್ಡ್ ಸ್ಪ್ರಿಂಗ್ಸ್‌ನಲ್ಲಿ ಖರ್ಜೂರದ ಮರಗಳ ನಡುವೆ ಬೆಚ್ಚಗಿನ ನೀರಿನ ಪುಟ್ಟ ಕೊಳ ಇದೆ, ಮಕ್ಕಳು ಅದರಿಂದ ಮೇಲೇ ಬರಲಿಲ್ಲ. ನೋಡಲು ಚೆಂದ, ಓಡಿಸಲು ಶಿಕ್ಷೆ. ಗುಂಡಿಗಳೇನೋ ಕಣ್ಣಿಗೆ ಕಾಣುತ್ತವೆ. ಕಾಡುವುದು ಕಾರುಗೇಷನ್. ರಸ್ತೆಗೆ ಅಡ್ಡಲಾಗಿ ಕಿಲೋಮೀಟರ್‌ಗಟ್ಟಲೆ ಸಣ್ಣ ಸಣ್ಣ ಉಬ್ಬುಗಳ ಸಾಲು. ಗಂಟೆಗಟ್ಟಲೆ ಒಂದೇ ಸಮ ನಡುಗುತ್ತಿದ್ದರೆ ನಟ್ಟು ಸಡಿಲವಾಗುತ್ತದೆ, ವೈರಿನ ಮೇಲಿನ ಪ್ಲಾಸ್ಟಿಕ್ ಸವೆಯುತ್ತದೆ, ವೆಲ್ಡಿಂಗ್ ಬಿರುಕು ಬಿಡುತ್ತದೆ. ಅಲ್ಯೂಮಿನಿಯಂ ಕ್ಯಾನ್‌ಗಳು ಒಂದಕ್ಕೊಂದು ಉಜ್ಜಿ ತೂತಾಗಿ ಕೋಲಾ ಎಲ್ಲ ಹರಿದು ಹೋಗುತ್ತದೆ. ಸಾಸಿವೆ ಡಬ್ಬಿಯ ಮುಚ್ಚಳ ತಾನೇ ತಿರುಗಿ ಬಿಚ್ಚಿಕೊಳ್ಳುತ್ತದೆ! ಈಗ ಮಸಾಲೆ ಡಬ್ಬಿಗಳಿಗೆಲ್ಲ ಹಳೇ ಕಾಲುಚೀಲ ತೊಡಿಸುತ್ತೇವೆ.

ಅದಕ್ಕೇ ನನ್ನ ಅಭಿಪ್ರಾಯ ಇದು: ದುಡ್ಡು ಮೊದಲು ಟ್ರೈಲರ್‌ನ ತಳದ ಭಾಗಗಳಿಗೆ ಹೋಗಬೇಕು. ಸೋಲಾರ್, ಎಲ್‌ಇಡಿ ಸಾಲು ದೀಪ ಎಲ್ಲ ಆಮೇಲೆ. ಡ್ರಾಬಾರ್ ಅಂದರೆ ಕೊಂಡಿಗೆ ಹೋಗುವ ಉದ್ದ ಕಂಬಿಗಳು, ಬಾಡಿಯ ಮುಂದಿನ ಅಡ್ಡಪಟ್ಟಿಗೆ ಸೇರುವ ಜಾಗದಲ್ಲೇ ಹೆಚ್ಚಾಗಿ ಮುರಿಯುತ್ತವೆ. ನಮ್ಮ ಟ್ರೈಲರ್ ಒರೆಸುವಾಗ ಅಲ್ಲಿ ಕೂದಲೆಳೆಯಷ್ಟು ತುಕ್ಕಿನ ಗೆರೆ ಕಂಡಿತು. ಪೇಂಟ್ ಸೀಳಿದೆ ಅಂದರೆ ಒಳಗಿನ ಕಬ್ಬಿಣವೂ ಸೀಳಿರಬಹುದು. ಉಜ್ಜಿ ನೋಡಿದರೆ ನಿಜಕ್ಕೂ ಬಿರುಕು. ವೆಲ್ಡಿಂಗ್ ಮಾಡುವ ಗೆಳೆಯ ಹಳೇ ಕಂಬಿ ತೆಗೆದು ದಪ್ಪನೆಯ ಹೊಸ ಕಂಬಿ ಹಾಕಿ, ಮುಂದಿನ ಪಟ್ಟಿಯಲ್ಲೇ ನಿಲ್ಲಿಸದೆ ಆಕ್ಸಲ್ ಕಡೆಗೆ ಉದ್ದಕ್ಕೆ ಎಳೆದ. ಕಂಬಿಯ ಮೇಲ್ಭಾಗ, ಕೆಳಭಾಗಕ್ಕೆ ಅಡ್ಡಡ್ಡ ವೆಲ್ಡ್ ಹಾಕಲೇ ಇಲ್ಲ. ಬಗ್ಗುವಾಗ ಜಾಸ್ತಿ ಎಳೆತ ಬೀಳುವುದು ಅಲ್ಲೇ, ಬಿರುಕು ಅಲ್ಲಿಂದಲೇ ಶುರು. ಪಕ್ಕದಲ್ಲಿ ಉದ್ದಕ್ಕೆ ಹಾಕಿದರೆ ಸಾಕು ಅಂದ.

ಚಕ್ರಗಳನ್ನು ಬಿಗಿಯುವ ನಡುವಿನ ಗುಂಬಗಳನ್ನು, ಅಂದರೆ ಹಬ್‌ಗಳನ್ನು, ಆರು ಬೋಲ್ಟಿನವಕ್ಕೆ ಬದಲಾಯಿಸಿದೆ. ನಮ್ಮ ಕಾರು ಹಳೇ ಟೊಯೋಟಾ ಪ್ರಾಡೋ. ಈಗ ಅದರ ಚಕ್ರವೇ ಟ್ರೈಲರ್‌ಗೂ ಕೂರುತ್ತದೆ. ಎರಡೂ ಗಾಡಿಗೆ ಒಂದೇ ಸ್ಪೇರ್ ಅಳತೆ. ಎಡ ಬಲ ಚಕ್ರಗಳ ನಡುವಿನ ಅಂತರವೂ ಕಾರಿನಷ್ಟೇ ಇರುವುದರಿಂದ ಮರಳಿನಲ್ಲಿ ಕಾರು ಮಾಡಿದ ಜಾಡಿನಲ್ಲೇ ಟ್ರೈಲರ್ ಬರುತ್ತದೆ. ಮಾಮೂಲಿ ಬಾಲ್ ಕೊಂಡಿ ತೆಗೆದು ಎಲ್ಲ ದಿಕ್ಕಿಗೂ ತಿರುಗುವ ಆಫ್‌ರೋಡ್ ಕೊಂಡಿ ಹಾಕಿದ್ದೂ ಆಗಲೇ. ಮಣ್ಣಿನ ದಾರಿಗೆ ಇಳಿದ ಕೂಡಲೇ ಟೈರ್ ಗಾಳಿ 25 ಪಿಎಸ್‌ಐ ಆಸುಪಾಸಿಗೆ ಇಳಿಸುತ್ತೇನೆ, ವೇಗವನ್ನೂ. ಎಲ್ಲಿ ನಿಂತರೂ ಇಳಿದು ಹಬ್ ಮೇಲೆ ಅಂಗೈ ಇಡುತ್ತೇನೆ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಬೇರಿಂಗ್ ಕಥೆ ಮುಗೀತಾ ಬಂತು ಅಂತ.

ಧೂಳಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಈ ಕೆಂಪು ಧೂಳು ಎಷ್ಟು ನುಣುಪು ಅಂದರೆ ರಬ್ಬರ್ ಬೀಡಿಂಗ್ ಹಾಕಿದ ಬಾಗಿಲಿನ ಒಳಗೂ ನುಗ್ಗಿ ಟವೆಲ್ ಮಡಿಕೆಗಳಲ್ಲಿ ಕೂರುತ್ತದೆ. ಓಡುವ ಟ್ರೈಲರ್ ಹಿಂದೆ ಗಾಳಿಯ ಒತ್ತಡ ಕಮ್ಮಿಯಾಗುತ್ತದೆ, ಕಾರು ಎಬ್ಬಿಸಿದ ಧೂಳು ಅಲ್ಲೇ ಸುತ್ತುತ್ತಾ ಸಂದು ಸಿಕ್ಕಲ್ಲಿ ಒಳಗೆ ಹೋಗುತ್ತದೆ. ಎಷ್ಟು ಸಿಲಿಕೋನ್ ಬಳಿದರೂ ಪೂರ್ತಿ ನಿಲ್ಲದು. ಉಪಾಯ ಉಲ್ಟಾ ಇದೆ. ಬಾಕ್ಸಿನ ಮುಂಭಾಗದಲ್ಲಿ, ಆದಷ್ಟು ಎತ್ತರಕ್ಕೆ ಒಂದು ತೂತು ಕೊರೆದು, ಮುಂದಕ್ಕೆ ಬಾಯಿ ತೆರೆದ ತಗಡಿನ ಗೂಡು ಕೂರಿಸಿ, ಒಳಗೆ ಸ್ಪಂಜಿನ ಫಿಲ್ಟರ್ ಇಟ್ಟೆ. ಓಡುವಾಗ ಸೋಸಿದ ಗಾಳಿ ಒಳಗೆ ತುಂಬಿ ಸಂದುಗಳಿಂದ ಹೊರಗೆ ತಳ್ಳುತ್ತಿರುತ್ತದೆ, ಧೂಳು ಬರಲು ದಾರಿಯೇ ಇರಲ್ಲ. ಖರ್ಚು ಒಂದು ಊಟದಷ್ಟೂ ಆಗಲಿಲ್ಲ. ಸಾವಿರಾರು ಡಾಲರ್ ಸುರಿದು ಮಾಡಿದ ಬೇರೆಲ್ಲ ಕೆಲಸಕ್ಕಿಂತ ಮನೆಯವರು ಮೆಚ್ಚಿದ್ದು ಇದನ್ನೇ.

ಮುಂದುಗಡೆ ಕಲ್ಲು ತಡೆಯುವ ಬಲೆಯೂ ಇದೆ. ಕಾರಿನ ಟೈರ್ ಎಸೆದ ಕಲ್ಲು ಟ್ರೈಲರ್‌ಗೆ ಬಡಿದು ವಾಪಸ್ ಬಂದು ಕಾರಿನದೇ ಹಿಂದಿನ ಗಾಜು ಪುಡಿ ಮಾಡುತ್ತದೆ. ನಂಬಲು ಕಷ್ಟ, ಆದರೆ ಇಲ್ಲಿ ತುಂಬಾ ಸಾಮಾನ್ಯ.

ಕ್ಯಾನ್ವಾಸ್ ಹೊಸದಾದರೆ ಮೊದಲು ಮನೆಯ ಅಂಗಳದಲ್ಲೇ ಬಿಚ್ಚಿ, ಪೈಪಲ್ಲಿ ನೀರು ಹೊಡೆದು ಪೂರ್ತಿ ನೆನೆಸಿ ಒಣಗಿಸಬೇಕು. ನೂಲು ಉಬ್ಬಿ ಹೊಲಿಗೆಯ ಸೂಜಿ ತೂತುಗಳು ಮುಚ್ಚಿಕೊಳ್ಳುತ್ತವೆ. ನಾವು ಕಿಟಕಿಯ ಭಾಗವನ್ನು ಹೊಸದಾಗಿ ಹೊಲಿಸಿದ್ದರಿಂದ ಇದನ್ನು ಮಾಡಿದೆವು. ಮೊದಲ ಸಲ ಒಳಗೆ ನಿಂತರೆ ಹೊಲಿಗೆಯುದ್ದಕ್ಕೂ ಹನಿ ಸಾಲು. ಒಣಗಿಸಿ ಮತ್ತೆ ನೆನೆಸಿದಾಗ ಬರೀ ತೇವ. ಆಮೇಲೆ ಅದೂ ಇಲ್ಲ. ಒದ್ದೆ ಟೆಂಟನ್ನು ಮಾತ್ರ ಮಡಚಿ ಇಡಬೇಡಿ, ಬೂಸ್ಟು ಹಿಡಿಯುತ್ತದೆ.

ಕೊನೆಗೆ ಅಡುಗೆಮನೆ. ನನ್ನ ಕೈಗೆ ಬಂದಾಗ ಟೆಂಟಿನ ಜೊತೆ ಹೊರಗೆ ಎಳೆಯುವ ಸ್ಟೀಲ್ ಕಿಚನ್ ಇತ್ತು. ಸಿಂಕು, ಡ್ರಾಯರು, ಮೂರು ಒಲೆ. ಫೋಟೋದಲ್ಲಿ ಭಾರಿ ಚೆಂದ. ತೂಗಿದರೆ ಮೂವತ್ತು ಕೆಜಿ ದಾಟಿತು, ಅದೂ ಹಿಂಬದಿಯ ತುದಿಯಲ್ಲಿ. ನನ್ನ ಹೆಂಡತಿಗೆ ಅದರ ಎತ್ತರವೂ ಸರಿಹೋಗಲಿಲ್ಲ, ಕುಕ್ಕರ್ ಇಟ್ಟರೆ ಗಾಳಿಗೆ ಉರಿ ಆರುತ್ತಿತ್ತು. "ಇದರಲ್ಲಿ ಒಂದು ಒಗ್ಗರಣೆ ಹಾಕೋಕೂ ಆಗಲ್ಲ" ಅಂದಳು. ಕಿತ್ತು ಹಾಕಿ ಪ್ಲೈವುಡ್ಡಿನ ಪೆಟ್ಟಿಗೆ, ಎರಡು ಒಲೆಯ ಗ್ಯಾಸ್ ಸ್ಟೌ, ಮಡಚುವ ಮೇಜು ಇಟ್ಟೆ. ಇಪ್ಪತ್ತು ಕೆಜಿ ಉಳಿಯಿತು. ಅದರಲ್ಲಿ ಅವಳು ಐದು ಲೀಟರ್ ಕುಕ್ಕರ್ ತುಂಬಿಸಿದಳು, ನಾನು ಇನ್ನೊಂದು ಜೆರಿಕ್ಯಾನ್ ನೀರು. ಆ ಸ್ಟೀಲ್ ಕಿಚನ್ ಇನ್ನೂ ಶೆಡ್ಡಿನಲ್ಲಿದೆ, ಒಲೆ ಚೆನ್ನಾಗಿಯೇ ಉರಿಯುತ್ತದೆ. ಅಡಿಲೇಡ್ ಕಡೆಯ ಯಾರಿಗಾದರೂ ಬೇಕಿದ್ದರೆ ಹೇಳಿ, ದುಡ್ಡು ಬೇಡ. ಎತ್ತಲು ಇನ್ನೊಬ್ಬರನ್ನು ಕರೆದುಕೊಂಡು ಬನ್ನಿ.